ಕಾಮಗಾರಿ ಸಂಖ್ಯೆ ಮೂವತ್ತೇಳು

ಕೆಳಗಿನ ಬೀದಿಯ ಬಲಗಡೆ ಸಾಲಾಗಿ ಒಂಬತ್ತು ಮನೆಗಳ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆಯಾಗಿತ್ತು. ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಕಪಾಟು ಸರಿಸಿದರೆ ಹಿಂದೆಲ್ಲ ಬೂಷ್ಟು. ಆ ಒಂಬತ್ತೂ ಮನೆಗಳಿಗೆ ಪೈಪು ಹಾಕಿದವನು ಒಬ್ಬನೇ ಪ್ಲಂಬರ್. ಮೂವತ್ತು ವರ್ಷಗಳಿಂದ ಅದೇ ಬೀದಿಯ ತುದಿಯಲ್ಲಿದ್ದ ಅವನನ್ನು ದೊಡ್ಡವರು ಚಿಕ್ಕವರು ಎಲ್ಲರೂ ನಲ್ಲಿಯಣ್ಣ ಎಂದೇ ಕರೆಯುತ್ತಿದ್ದರು.

ನಗರಸಭೆಯ ಇಂಜಿನಿಯರ್ ಬಂದು ಎರಡು ಗೋಡೆಗಳನ್ನು ಬೆರಳಿನಿಂದ ತಟ್ಟಿ, "ಇಲ್ಲಿ ಪೈಪಿನ ಕೆಲಸ ಯಾರು ಮಾಡಿದ್ದು?" ಎಂದು ಕೇಳಿ, ಉತ್ತರ ಬಂದ ಕೂಡಲೇ ವರದಿ ಬರೆದುಬಿಟ್ಟ. ಒಂಬತ್ತೂ ಮನೆಗಳಲ್ಲಿ ಪೈಪಿನ ಜೋಡಣೆ ಕಳಪೆ, ಸೋರಿಕೆಗೆ ಅದೇ ಕಾರಣ. ಆಮೇಲೆ ನಲ್ಲಿಯಣ್ಣನಿಗೆ ಕೆಲಸದ ಕರೆ ಬರುವುದು ನಿಂತಿತು. ಜನ ಜಗಳವಾಡಲಿಲ್ಲ, ಬಾಯಿಗೆ ಬಂದಂತೆ ಬೈಯಲೂ ಇಲ್ಲ. ಎದುರಿಗೆ ಬಂದರೆ ಸುಮ್ಮನೆ ಚಪ್ಪಲಿ ನೋಡಿಕೊಂಡು ದಾಟಿಹೋಗುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವನೇನು ಕೈಕಟ್ಟಿ ಕೂರುವ ಆಸಾಮಿಯಲ್ಲ. ಬಲಗಡೆಯ ಸಾಲಿನ ವಾಲ್ವನ್ನು ಮೂರು ದಿನ ಮುಚ್ಚಿಟ್ಟ. ಎಡಗಡೆಯ ಮನೆಗಳಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಾನೇ ಎಲ್ಲರಿಗೂ ಕೊಟ್ಟ. ಮೂರನೇ ದಿನವೂ ಗೋಡೆಗಳು ಹಾಗೇ ಜಿನುಗುತ್ತಿದ್ದವು. ಮೊದಲನೇ ಮನೆಯ ಎದುರು ಒಂದು ಗುಂಡಿ ತೋಡಿದ. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಅರ್ಧ ಮೊಳ ನೀರು ನಿಂತಿತ್ತು. ಬೊಗಸೆಯಲ್ಲಿ ತೆಗೆದು ಮೂಸಿದ. ನಲ್ಲಿ ನೀರಿಗಿರುವ ಔಷಧಿ ವಾಸನೆ ಅದಕ್ಕಿರಲಿಲ್ಲ. ಕೆಸರಿನ, ಕೊಳೆತ ಎಲೆಯ ವಾಸನೆ.

"ಸಾರ್, ಇದು ಪೈಪಿನ ನೀರಲ್ಲ. ನೆಲದ ಕೆಳಗೆ ಎಲ್ಲಿಂದಲೋ ಬರ್ತಿದೆ. ಬೇಕಾದ್ರೆ ನೀವೇ ಮೂಸಿ ನೋಡಿ," ಎಂದು ಆ ನೀರು ತುಂಬಿದ ಬಾಟಲಿ ಹಿಡಿದು ಇಂಜಿನಿಯರ್ ಎದುರು ನಿಂತ.

"ಮೂಸಿ ನೋಡಿ ವರದಿ ಬರೆಯೋಕಾಗತ್ತಾ? ಆ ರಸ್ತೆ ಕೆಳಗೆ ಏನೂ ಇಲ್ಲ ಅಂತ ನಮ್ಮ ನಕ್ಷೆ ಹೇಳತ್ತೆ. ಇದೆ ಅನ್ನೋದಾದ್ರೆ ಕಾಗದ ತನ್ನಿ, ನೋಡೋಣ."

ಮನೆಗೆ ಬಂದು ಉಪಕರಣದ ಚೀಲವನ್ನು ದಡಾರನೆ ಕೆಳಗಿಟ್ಟ. ಹೆಂಡತಿ ತಿರುಗಿ ನೋಡಿದಳು. "ರೀ, ಹೋಗ್ಲಿ ಬಿಡಿ. ಬೇರೆ ಬೀದಿ ಇಲ್ವಾ, ಬೇರೆ ನಲ್ಲಿ ಇಲ್ವಾ?"

"ಬೀದಿ ಇದೆ ಕಣೇ. ಆದ್ರೆ ಹೋದ ಬೀದೀಲೆಲ್ಲ ಈ ವರದಿ ನನಗಿಂತ ಮುಂಚೆ ಹೋಗಿ ಕೂತಿರತ್ತೆ."

ದಾರಿ ತೋರಿಸಿದವರು ಏಳನೇ ಮನೆಯ ಟೀಚರಮ್ಮ. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಎದುರಿಗಿದ್ದವರನ್ನೆಲ್ಲ ಐದನೇ ತರಗತಿಯ ಮಕ್ಕಳ ಹಾಗೆಯೇ ನೋಡುತ್ತಿದ್ದರು. "ಕಾಗದ ತಾನೇ ಕೇಳಿದ್ದು? ಕಾಗದ ಇರೋ ಕಡೆ ಹೋಗಪ್ಪ. ನಗರಸಭೆಯ ಹಳೇ ದಾಖಲೆಗಳನ್ನೆಲ್ಲ ದೊಡ್ಡ ಗ್ರಂಥಾಲಯಕ್ಕೆ ಕೊಟ್ಟು ಎಷ್ಟೋ ಕಾಲವಾಯ್ತು. ಒಳಗೆ ಬಿಡೋಕೆ ಪರಿಚಯದ ಪತ್ರ ಕೇಳ್ತಾರೆ. ನಾನು ಬರೆದುಕೊಡ್ತೀನಿ," ಎಂದರು. ಬರೆದರು ಕೂಡ: ಈತ ಪ್ರಾಮಾಣಿಕ, ಕೈ ತೊಳೆಯದೆ ಏನನ್ನೂ ಮುಟ್ಟುವುದಿಲ್ಲ.

ಕಂಬಗಳ ಸಾಲಿನ ಆ ಕಟ್ಟಡದ ಮುಂದೆ ನಲ್ಲಿಯಣ್ಣ ಸಾವಿರ ಸಲ ಸೈಕಲ್ ತುಳಿದಿದ್ದ. ಅದು ನ್ಯಾಯಾಲಯವೆಂದೇ ಇಷ್ಟು ವರ್ಷ ತಿಳಿದುಕೊಂಡಿದ್ದ. ಒಳಗೆ ಹೋದರೆ ಮೊದಲು ಚೀಲ ಕಿತ್ತುಕೊಂಡು ಖಾನೆಯಲ್ಲಿಟ್ಟು ಕೀಲಿ ಕೊಟ್ಟರು. ಪೆನ್ನು ಕೂಡದು, ಪೆನ್ಸಿಲ್ ಮಾತ್ರ. ನೀರಿನ ಬಾಟಲಿ ಕೂಡದು. "ನೀರಿನವನಿಗೇ ನೀರು ನಿಷೇಧ," ಎಂದು ಗೊಣಗಿಕೊಂಡು ಅವನು ಓದುವ ಕೋಣೆಯ ಬಾಗಿಲು ತಳ್ಳಿದ.

ಉದ್ದನೆಯ ಕೋಣೆ. ಎರಡಾಳೆತ್ತರದ ಕಿಟಕಿಗಳು. ನಂಬರು ಬರೆದ ಮೇಜುಗಳ ಮೇಲೆ ತಗ್ಗಿದ ತಲೆಗಳು. ಪುಟ ಮಗುಚುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಾಗಿಲ ಬಳಿಯ ಮೇಜಿನ ಹಿಂದೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಮೇಲ್ವಿಚಾರಕಿ ಕೂತಿದ್ದರು. ಅವರು ಕೊಟ್ಟ ಅರ್ಜಿಯಲ್ಲಿ 'ವಿದ್ಯಾಭ್ಯಾಸ' ಎಂಬಲ್ಲಿ ನಲ್ಲಿಯಣ್ಣ ಏಳನೇ ತರಗತಿ ಎಂದು ಬರೆದ. 'ಸಂಸ್ಥೆ' ಎಂಬಲ್ಲಿ ಸ್ವಂತ ಎಂದು ಬರೆದ. 'ಸಂಶೋಧನೆಯ ವಿಷಯ' ಎಂಬಲ್ಲಿ ಸ್ವಲ್ಪ ಯೋಚಿಸಿ, 'ನೀರು ಎಲ್ಲಿಂದ ಬರುತ್ತಿದೆ' ಎಂದು ಬರೆದ.

ಮೇಲ್ವಿಚಾರಕಿ ನಗಲಿಲ್ಲ. "ವಿಷಯ ತುಂಬ ಅಗಲವಾಯ್ತು. ಸ್ವಲ್ಪ ಕಡಿಮೆ ಮಾಡಿ," ಎಂದರು.

ಅವನು ಅದರ ಮುಂದೆ 'ಕೆಳಗಿನ ಬೀದಿ, ಬಲಗಡೆ' ಎಂದು ಸೇರಿಸಿದ. ಒಂದು ತಿಂಗಳ ಓದುಗರ ಚೀಟಿ ಸಿಕ್ಕಿತು.

ಬೆಳಗ್ಗೆ ಬೇರೆ ಬಡಾವಣೆಗಳಲ್ಲಿ ಸಿಕ್ಕ ಚೂರುಪಾರು ಕೆಲಸ ಮುಗಿಸಿ, ಕೈಯನ್ನು ಮೊಣಕೈವರೆಗೆ ಉಜ್ಜಿ ತೊಳೆದು, ಹತ್ತು ಗಂಟೆಗೆ ಅವನು ಗ್ರಂಥಾಲಯದಲ್ಲಿರುತ್ತಿದ್ದ. ಮೊದಲ ವಾರ, ಕಾಮಗಾರಿಗಳನ್ನು ಅವುಗಳ ಸಂಖ್ಯೆ ಹಾಕಿ ಗುರುತಿಸಿದ್ದ ನಕ್ಷೆಗಳನ್ನು ತರಿಸಿದ. ಕೆಳಗಿನ ಬೀದಿ ಇದ್ದ ಹಾಳೆಯಲ್ಲಿ ಬೀದಿ ಬೋಳಾಗಿ, ಏನೂ ಗೊತ್ತಿಲ್ಲದವರ ಹಾಗೆ ಮಲಗಿತ್ತು. ಅದಕ್ಕಿಂತ ಹಳೆಯ ಹಾಳೆ ಒಂದಿದೆ ಎಂದು ಪಟ್ಟಿಯಲ್ಲಿತ್ತು. ಬೇಡಿಕೆ ಚೀಟಿ ತುಂಬಿ ಕೊಟ್ಟ. ಒಂದು ಗಂಟೆ ಬಿಟ್ಟು ಚೀಟಿ ವಾಪಸು ಬಂತು: ದುರಸ್ತಿಯಲ್ಲಿದೆ, ಕೊಡಲಾಗುವುದಿಲ್ಲ. ಮರುದಿನ ಮತ್ತೆ ತುಂಬಿದ. ಮತ್ತೆ ಅದೇ ಉತ್ತರ. ಏಳನೇ ಚೀಟಿ ಕೊಟ್ಟಾಗ ಮೇಲ್ವಿಚಾರಕಿ ಹೇಳಿದರು, "ಚೀಟಿ ಜಾಸ್ತಿ ಕೊಟ್ರೆ ದುರಸ್ತಿ ಬೇಗ ಆಗಲ್ಲ."

"ಗೊತ್ತು ಮೇಡಂ. ನಾನು ಮರೆತಿಲ್ಲ ಅಂತ ಅವರಿಗೂ ಗೊತ್ತಿರ್ಲಿ ಅಂತ."

ಅವರು ಕನ್ನಡಕ ಮೇಲೇರಿಸಿದರು. "ನಕ್ಷೆ ಬರೋವರೆಗೆ ಅಳತೆ ಪುಸ್ತಕ ನೋಡಿ. ಯಾವ ಕೆಲಸಕ್ಕೆ ಎಷ್ಟು ಕಲ್ಲು ಹೋಯ್ತು, ಎಷ್ಟು ಆಳ ಅಗೆದರು ಅಂತ ಗುಮಾಸ್ತರು ಬರೆದಿಟ್ಟಿರೋದು. ಯಾರೂ ಕೇಳಲ್ಲ ಅದನ್ನ."

ಹನ್ನೊಂದು ಸಂಪುಟ. ಒಂದೊಂದೂ ಚಪ್ಪಡಿ ಕಲ್ಲಿನ ಭಾರ. ಪುಸ್ತಕದ ಬೆನ್ನು ಮುರಿಯದ ಹಾಗೆ ಮೆತ್ತನೆ ದಿಂಬಿನ ಮೇಲಿಟ್ಟು, ಪುಟ ಮಗುಚಿಕೊಳ್ಳದಂತೆ ಮಣಿ ತುಂಬಿದ ಬಟ್ಟೆಯ ಹಗ್ಗವನ್ನು ಮೇಲೆ ಹಾಸಿ ಓದಬೇಕು. ಬರವಣಿಗೆಯೋ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿತ್ತು. ಮೊದಲ ದಿನ ನಾಲ್ಕು ಸಾಲು ಓದುವಷ್ಟರಲ್ಲಿ ತಲೆ ಗಿರ್ರೆಂದಿತು. ಪಕ್ಕದ ಮೇಜಿನ ವಿದ್ಯಾವಂತರು ಗಂಟೆಗೆ ಐವತ್ತು ಪುಟ ತಿರುವುತ್ತಿದ್ದರೆ ಇವನು ಬೆರಳಿಟ್ಟುಕೊಂಡು ಅಕ್ಷರ ಅಕ್ಷರ ಬಿಡಿಸುತ್ತಿದ್ದ. ಆದರೂ ಪಟ್ಟು ಬಿಡಲಿಲ್ಲ. ಬರೆದ ಗುಮಾಸ್ತ 'ಅಡಿ' ಎಂಬುದನ್ನು ಮೂರು ರೀತಿ ಬರೆಯುತ್ತಾನೆ, ಊಟದ ಹೊತ್ತು ಹತ್ತಿರವಾದಂತೆ ಅಕ್ಷರಗಳು ಓಡತೊಡಗುತ್ತವೆ ಎಂಬುದೆಲ್ಲ ಕ್ರಮೇಣ ತಿಳಿಯಿತು. ಎರಡನೇ ವಾರದ ಕೊನೆಗೆ ಆ ಗುಮಾಸ್ತ ದಿನಾ ಕಾಣುವ ದಾಯಾದಿಯ ಹಾಗಾಗಿಬಿಟ್ಟ.

ಆರನೇ ಸಂಪುಟದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಕಾಮಗಾರಿ ಸಂಖ್ಯೆ ಮೂವತ್ತೇಳು. ಕಲ್ಲು ಚಪ್ಪಡಿ, ಉದ್ದ ನಾಲ್ಕು ಅಡಿ, ಅಗಲ ಎರಡು ಅಡಿ, ಒಟ್ಟು ಇನ್ನೂರ ಹನ್ನೆರಡು. ಅಗೆತದ ಆಳ ಒಂಬತ್ತು ಅಡಿ. ಇಷ್ಟೇ. ಯಾವ ಬೀದಿ ಎಂದು ಬರೆದಿರಲಿಲ್ಲ.

ನಲ್ಲಿಯಣ್ಣ ಪೆನ್ಸಿಲ್ ಕೆಳಗಿಟ್ಟ. ರಸ್ತೆಗೆ ಕಲ್ಲು ಹಾಸಲು ಯಾರೂ ಒಂಬತ್ತು ಅಡಿ ಅಗೆಯುವುದಿಲ್ಲ. ನಾಲ್ಕು ಅಡಿ ಉದ್ದದ ಚಪ್ಪಡಿಯನ್ನು ಅಡ್ಡಡ್ಡ ಇಟ್ಟರೆ ಮೂರು ಅಡಿ ಅಗಲದ ಕಾಲುವೆಯನ್ನು ಮುಚ್ಚಬಹುದು. ಇನ್ನೂರ ಹನ್ನೆರಡು ಚಪ್ಪಡಿ, ಎರಡೆರಡು ಅಡಿಯಂತೆ ನಾನೂರ ಇಪ್ಪತ್ನಾಲ್ಕು ಅಡಿ. ಕೆಳಗಿನ ಬೀದಿಗೆ ತುದಿಯಿಂದ ತುದಿಗೆ ಪೈಪು ಎಳೆದವನು ಅವನೇ. ನಾನೂರ ಇಪ್ಪತ್ತು ಅಡಿ ಹೋಗಿತ್ತು.

ಪುಸ್ತಕವನ್ನು ಹಾಗೇ ಬಿಟ್ಟು ಮೇಲ್ವಿಚಾರಕಿಯ ಬಳಿ ಬಂದು ಪಿಸುಗುಟ್ಟಿದ. "ಮೇಡಂ, ದುರಸ್ತೀಲಿರೋ ಆ ನಕ್ಷೇಲಿ ಮೂವತ್ತೇಳು ಅಂತ ಎಲ್ಲಿದೆ ನೋಡ್ಬೇಕು. ಮುಟ್ಟೋದಿಲ್ಲ. ನೋಡ್ತೀನಿ, ಅಷ್ಟೆ."

"ನಿಮ್ಮ ಓದುಗರ ಚೀಟಿ ಇನ್ನು ನಾಲ್ಕು ದಿನ ಅಲ್ವಾ?"

"ಹೌದು."

"ಹಾಗಾದ್ರೆ ಅರ್ಜಿ ಇವತ್ತೇ ಬರೀರಿ. ಕಾರಣ ಸ್ಪಷ್ಟವಾಗಿರ್ಲಿ. ಮುಖ್ಯಸ್ಥರ ಹತ್ರ ನಾನೇ ತಗೊಂಡು ಹೋಗ್ತೀನಿ."

ಅರ್ಜಿಯಲ್ಲಿ ಅವನು ಒಂಬತ್ತು ಗೋಡೆಗಳ ಕಥೆಯನ್ನು ಬರೆದ. ಎರಡು ದಿನ ಉತ್ತರವಿಲ್ಲ; ಅಷ್ಟರಲ್ಲಿ ಮೂವತ್ತೇಳು ಎಂಬುದು ಮತ್ತೆಲ್ಲಾದರೂ ಬರುತ್ತದೆಯೇ ಎಂದು ಅದೊಂದನ್ನೇ ಹುಡುಕುತ್ತ ಉಳಿದ ಸಂಪುಟಗಳನ್ನೂ ತಿರುವಿ ಮುಗಿಸಿದ. ಮೂರನೇ ದಿನ ಮೇಲ್ವಿಚಾರಕಿ ತಲೆಯಾಡಿಸಿ, ಹಿಂದೆ ಬರುವಂತೆ ಸನ್ನೆ ಮಾಡಿದರು.

ದುರಸ್ತಿ ಕೋಣೆಯಲ್ಲಿ ಒಬ್ಬಾತ ತೆಳು ಕಾಗದಕ್ಕೆ ಅಂಟು ಸವರಿ ಹರಿದ ಅಂಚುಗಳನ್ನು ಕೂಡಿಸುತ್ತಿದ್ದ. ಮಾತಿನ ಮನುಷ್ಯನಲ್ಲ. ನಲ್ಲಿಯಣ್ಣ ಅವನ ಕೈಯನ್ನೇ ನೋಡಿ, "ಜಾಯಿಂಟು ಚೆನ್ನಾಗಿ ಕೂತಿದೆ," ಎಂದಾಗ ಮಾತ್ರ ತಲೆಯೆತ್ತಿ ನಕ್ಕು, ಭೂತಗನ್ನಡಿಯನ್ನು ಅವನತ್ತ ಸರಿಸಿದ. ಹಾಳೆಯ ಬಲಮೂಲೆಯಲ್ಲಿ, ಹೊಸದಾಗಿ ಅಂಟಿಸಿದ ಚೂರಿನ ಮೇಲೆ, ಕೆಂಪು ಮಸಿಯಲ್ಲಿ ಸಣ್ಣದಾಗಿ ಮೂವತ್ತೇಳು ಎಂದಿತ್ತು. ಅದರ ಪಕ್ಕ ಎರಡು ಚುಕ್ಕಿ ಗೆರೆಗಳು ಮೇಲಿನ ಕೆರೆಯ ತೂಬಿನಿಂದ ಹೊರಟು, ಬೀದಿಯ ಬಲಗಡೆಗೇ ಒತ್ತಿಕೊಂಡು ಕೆಳಗಿಳಿದಿದ್ದವು. ಆ ಕೆರೆಯನ್ನು ಮುಚ್ಚಿ ಅದರ ಮೇಲೆ ಬಸ್ ನಿಲ್ದಾಣ ಕಟ್ಟಿ ಎರಡು ತಲೆಮಾರು ಆಗಿತ್ತು. ಕೆರೆ ಹೋದರೂ ಅದರ ಒರತೆ ಹೋಗಿರಲಿಲ್ಲ.

ಅವನ ಕಣ್ಣು ತುಂಬಿಕೊಂಡಿತು. ನಕ್ಷೆಯ ಮೇಲೆ ಹನಿ ಬಿದ್ದೀತೆಂದು ಎರಡು ಹೆಜ್ಜೆ ಹಿಂದೆ ಸರಿದ.

ಕೊನೆಯ ದಿನವೆಲ್ಲ ಚೌಕುಳಿ ಹಾಳೆಯಲ್ಲಿ ಪೆನ್ಸಿಲಿನಿಂದ ನಕಲು ಮಾಡಿಕೊಂಡ. ಮೇಲ್ವಿಚಾರಕಿ ಗೆರೆ ಗೆರೆ ಹೋಲಿಸಿ ನೋಡಿ, ಒಂದು ಕಡೆ ಅರ್ಧ ಚೌಕ ತಪ್ಪಿದ್ದನ್ನು ತಿದ್ದಿಸಿ, ಆಮೇಲೆ ಗ್ರಂಥಾಲಯದ ಮೊಹರು ಒತ್ತಿ ಸಹಿ ಹಾಕಿದರು.

ಇಂಜಿನಿಯರ್ ಅದನ್ನು ಹಿಂದೆ ಮುಂದೆ ತಿರುಗಿಸಿದ. "ಇದು ತುಂಬ ಹಳೇದು. ಆಮೇಲೆ ತೆಗೆದುಹಾಕಿರಬಹುದು."

"ತೆಗೆದುಹಾಕಿದ್ರೆ ಅದಕ್ಕೂ ಅಳತೆ ಪುಸ್ತಕದಲ್ಲಿ ಲೆಕ್ಕ ಇರ್ಬೇಕು ಸಾರ್. ಹನ್ನೊಂದೂ ಸಂಪುಟ ನೋಡಿದೀನಿ, ಇಲ್ಲ. ಒಂದೇ ಕಡೆ ಅಗೆಸಿ. ಏನೂ ಸಿಗದಿದ್ರೆ ನಾನೇ ಮಣ್ಣು ಮುಚ್ಚಿ ಈ ಕಸುಬು ಬಿಟ್ಟುಬಿಡ್ತೀನಿ."

ಇಂಜಿನಿಯರ್ ಕಾಗದವನ್ನು ಕಡತದೊಳಗೆ ಸೇರಿಸಿಟ್ಟ. ನಲ್ಲಿಯಣ್ಣ ದಿನವೂ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂತ. ಹತ್ತನೇ ದಿನ ಕೂಲಿಯವರು ಬಂದರು. ಬೀದಿಯ ಜನರೆಲ್ಲ ಜಗಲಿಗಳಲ್ಲಿ ನಿಂತರು. ಎರಡು ಅಡಿ, ನಾಲ್ಕು ಅಡಿ, ಬರೀ ಮಣ್ಣು. ನಾಲ್ಕೂವರೆ ಅಡಿಗೆ ಹಾರೆ ಖಣ್ ಎಂದಿತು. ಚಪ್ಪಡಿಯನ್ನು ಎತ್ತಿದಾಗ ಕಂಡದ್ದು ಮನುಷ್ಯ ಬಗ್ಗಿ ನಡೆಯಬಹುದಾದ ಕಲ್ಲಿನ ಕಾಲುವೆ. ಅದರ ತುಂಬ ಕಪ್ಪು ನೀರು. ಸ್ವಲ್ಪ ಕೆಳಗೆ, ಕೆಲವು ವರ್ಷಗಳ ಹಿಂದೆ ಕೇಬಲ್ ಹಾಕಲು ನಗರಸಭೆಯೇ ಇಳಿಸಿದ್ದ ಕಾಂಕ್ರೀಟ್ ಪೆಟ್ಟಿಗೆಯೊಂದು ಕಾಲುವೆಯನ್ನು ಸೀಳಿಕೊಂಡು ಅಡ್ಡ ಕೂತಿತ್ತು.

ಇಂಜಿನಿಯರ್ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಆ ಪೆಟ್ಟಿಗೆಯನ್ನು ನೋಡಿದ. "ವರದಿ ಬದಲಾಯಿಸ್ತೀನಿ," ಎಂದು ಮೆಲ್ಲಗೆ ಹೇಳಿದ. ಹೇಳಿದಂತೆ ಬದಲಾಯಿಸಿದ. ಒಂಬತ್ತೂ ಮನೆಗಳ ತೇವಕ್ಕೆ ಕಾಲುವೆಯೇ ಕಾರಣ ಎಂದು ಬರೆದ.

ಪೆಟ್ಟಿಗೆಯನ್ನು ಸರಿಸಿ ನೀರಿಗೆ ದಾರಿಯಾದ ಮೇಲೆ ಗೋಡೆಗಳು ಒಂದೊಂದಾಗಿ ಒಣಗಿದವು. ಮೂರು ತಿಂಗಳಲ್ಲಿ ಎಂಟು ಮನೆಗಳಿಗೆ ಹೊಸ ಸುಣ್ಣ ಬಂತು. ಟೀಚರಮ್ಮನ ಅಡುಗೆಮನೆಯ ಗೋಡೆ ಮಾತ್ರ ಒದ್ದೆಯಾಗಿಯೇ ಇತ್ತು.

"ಹಳೇ ಗೋಡೆ ಕಣಪ್ಪ. ನನ್ನ ಹಾಗೆ ನಿಧಾನ," ಎಂದು ಅವರು ತಳ್ಳಿಹಾಕಿದರು. ನಲ್ಲಿಯಣ್ಣನಿಗೆ ಸಮಾಧಾನವಾಗಲಿಲ್ಲ. ಗೋಡೆ ಒಡೆದ. ಒಳಗೆ ಪೈಪು ಮೊಣಕೈಯ ಹಾಗೆ ತಿರುಗುವ ಕಡೆ ಜೋಡಣೆ ಬೆವರುತ್ತಿತ್ತು. ನೀರು ಸೋರದಂತೆ ಜೋಡಣೆಗೆ ಸುತ್ತುವ ನೂಲನ್ನು ಸರಿಯಾಗಿ ಸುತ್ತಿರಲಿಲ್ಲ. ಸುತ್ತಿದ ಕೈ ತನ್ನದೇ. ನೀರನ್ನು ಮೂಸಿ ನೋಡಿದ. ಔಷಧಿ ವಾಸನೆ.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು, "ಯಾರಿಗೂ ಗೊತ್ತಿಲ್ವಲ್ಲ. ಸದ್ದಿಲ್ದೆ ಸರಿ ಮಾಡಿ ಬನ್ನಿ," ಎಂದಳು. ಅವನು ಊಟ ಮುಗಿಸಿ, ಅಂಗಿ ಬದಲಿಸಿ ನಗರಸಭೆಗೆ ಹೋದ.

"ಸಾರ್, ವರದಿಯಲ್ಲಿ ಒಂಬತ್ತು ಅಂತಿದೆ. ಎಂಟು ಅಂತ ತಿದ್ದಿ. ಏಳನೇ ಮನೆಯದು ನನ್ನ ಕೆಲಸದ ತಪ್ಪೂ ಹೌದು."

ಇಂಜಿನಿಯರ್ ಕುರ್ಚಿಯಲ್ಲಿ ಹಿಂದಕ್ಕೊರಗಿದ. "ಎಲ್ಲಾ ಮುಗಿದಿದೆ. ಈಗ ಇದನ್ನ ಯಾರು ಕೇಳ್ತಾರೆ? ಬಿಡಿ."

"ಒಂಬತ್ತಕ್ಕೂ ನಂದೇ ತಪ್ಪು ಅಂತ ನೀವು ಬರೆದಾಗ ನಾನು ಬಿಡಲಿಲ್ಲ. ಒಂದಕ್ಕೆ ನಿಜವಾಗ್ಲೂ ನಂದೇ ಅಂತ ಗೊತ್ತಾದಾಗ ಬಿಟ್ರೆ, ಆ ಒಂದು ತಿಂಗಳು ಅಲ್ಲಿ ಕೂತು ಓದಿದ್ದು ಯಾಕೆ?"

ಇಂಜಿನಿಯರ್ ಕಡತ ತರಿಸಿ, ಒಂಬತ್ತನ್ನು ಹೊಡೆದು ಎಂಟು ಮಾಡಿ, ಪಕ್ಕದಲ್ಲಿ ಏಳನೇ ಮನೆಯ ವಿವರ ಬರೆದ. ನಲ್ಲಿಯಣ್ಣ ಅದನ್ನು ಬೆರಳಿಟ್ಟುಕೊಂಡು ಪೂರ್ತಿ ಓದಿ, ಕೆಳಗೆ ಸಹಿ ಹಾಕಿದ.

ಮರುದಿನ ಟೀಚರಮ್ಮನ ಮನೆಯ ಪೈಪಿನ ತಿರುವನ್ನು ಕಿತ್ತು ಹೊಸದನ್ನು ಕೂರಿಸಿದ. ಅವರು ಧೂಳಿನಿಂದ ದೂರ ಕುರ್ಚಿ ಎಳೆದುಕೊಂಡು, ಅವನು ನೂಲು ಸುತ್ತುವುದನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಪಕ್ಕದ ಮನೆಯಾಕೆ ಬಂದು ನಿಂತು, ತಮ್ಮ ಹಿತ್ತಲ ನಲ್ಲಿಯ ವಾಷರು ಹೋಗಿದೆ, ಬಿಡುವಾದಾಗ ಒಮ್ಮೆ ಬಂದು ನೋಡಿಹೋಗು ಅಣ್ಣ ಎಂದಳು.

"ಇದು ಮುಗೀಲಿ. ಸಾಯಂಕಾಲ ಬರ್ತೀನಮ್ಮ," ಎಂದು ನಲ್ಲಿಯಣ್ಣ ತಲೆಯೆತ್ತದೆ ಹೇಳಿದ.