ಎಡದಂಡೆಯ ಕೆಂಪು ಗೇಟು

ಮೌನೇಶ್ವರಿಗೆ ಎಡಗಡೆ ಎಂಬುದೇ ಇರಲಿಲ್ಲ. ಹಾಗಂತ ಎಡಗೈ ಇರಲಿಲ್ಲವೆಂದಲ್ಲ. ರೊಟ್ಟಿ ಬಡಿಯುವಾಗ, ಹೆರಳು ಹಾಕಿಕೊಳ್ಳುವಾಗ ಅದು ತನ್ನ ಪಾಲಿನ ಕೆಲಸ ಮಾಡುತ್ತಿತ್ತು. ನೀರಿಗೆ ಇಳಿದರೆ ಮಾತ್ರ ಅವಳಿಗೆ ಬಲಗಡೆಯೊಂದೇ.

ಕಾರಣ ಅವಳಪ್ಪ ರಾಮಣ್ಣನ ಬೆರಳು. ಕಕ್ಕೇರಾದಾಚೆ ಕೃಷ್ಣಾ ಹೊಳೆಯಲ್ಲಿ ಬಲೆ ಹಾಕಿ ಬದುಕುವ ರಾಮಣ್ಣನಿಗೆ ಒಂದು ವರ್ಷ ಕೆಟ್ಟ ಜ್ವರ ಬಂದು ಬಲಗೈಯ ಮೂರು ಬೆರಳು ಸೆಟೆದು ನಿಂತವು. ಅಂದಿನಿಂದ ಅವನು ಹರಿಗೋಲಿನ ಎಡ ಅಂಚಿಗೆ ಕೂತು ಎಡಗೈಯಿಂದಲೇ ಬಲೆ ಎಳೆಯುತ್ತಾನೆ. ಎಳೆದ ಭಾರಕ್ಕೆ ಹರಿಗೋಲು ಬಲೆಯ ಮೇಲೇ ಹತ್ತಿ ಹೋಗದಂತೆ ಅದನ್ನು ಬಲಕ್ಕೆ ಹಿಡಿದಿಡಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಒಂಬತ್ತು ವರ್ಷದ ಮೌನೇಶ್ವರಿಯಾದಳು. ಈಗ ಇಪ್ಪತ್ತು. ಹನ್ನೊಂದು ವರ್ಷ ಬೆಳಗಾದರೆ ಅವಳು ಕಂಡದ್ದು ಅಪ್ಪನ ಬೆನ್ನು, ಅದರಾಚೆ ನೀರು. ಅಪ್ಪನ ಮೇಲೆ ಅವಳಿಗೆ ಜೀವ. ಆ ಬೆನ್ನನ್ನು ನೋಡಿ ನೋಡಿ ಸಾಕಾಗಿದ್ದೂ ಅಷ್ಟೇ ನಿಜ.

ಎರಡು ವರ್ಷದ ಹಿಂದೆ ಶಹಾಪುರದ ಬಾಲರಾಜ ಸರ್ ಫೌಜಿನಿಂದ ನಿವೃತ್ತರಾಗಿ ಬಂದು, ದೋಣಿ ಸ್ಪರ್ಧೆ ಕಲಿಸಲೆಂದು ಹೊಳೆ ಬಂಡೆಗಳ ನಡುವೆ ನುಗ್ಗಿ ಹರಿಯುವ ಜಾಗದಲ್ಲಿ ಹಗ್ಗ ಬಿಗಿದು ಕಂಬಗಳನ್ನು ಜೋತುಬಿಟ್ಟರು. ಎರಡೆರಡು ಕಂಬ ಒಂದು ಗೇಟು. ಹಸಿರು ಗೇಟನ್ನು ನೀರಿನ ಸಂಗಡ ದಾಟಬೇಕು, ಕೆಂಪನ್ನು ನೀರಿಗೆ ಎದುರು ಹತ್ತಿ ದಾಟಬೇಕು. ಕಂಬ ತಾಗಿದರೆ ಎರಡು ಸೆಕೆಂಡು ದಂಡ, ಗೇಟು ಬಿಟ್ಟರೆ ಐವತ್ತು. ಊರಿನವರು ಮೊದಲು ನಕ್ಕರು. ಹೊಳೆಯಲ್ಲಿ ಇರುವ ಬಂಡೆ ಸಾಲದೆಂದು ಕಂಬ ಬೇರೆ ನೇತುಹಾಕುವವರನ್ನು ಅವರು ಕಂಡಿರಲಿಲ್ಲ.

ಕಲಿಯಲು ಬಂದ ಮೌನೇಶ್ವರಿಯನ್ನು ಸರ್ ಮೊದಲು ಕಯಾಕು ಎಂಬ ಸಪೂರ ದೋಣಿಯಲ್ಲಿ ಕೂರಿಸಿದರು. ಅದರಲ್ಲಿ ಕಾಲು ಚಾಚಿ ಕೂರಬೇಕು, ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು, ಒಮ್ಮೆ ಎಡ ಒಮ್ಮೆ ಬಲ. ಜೊತೆಗೆ ಕಲಿಯುತ್ತಿದ್ದ ರಂಗಂಪೇಟೆಯ ರಾಧಿಕಾ ಕೂತರೆ ಕಯಾಕು ನೆಟ್ಟಗೆ ಚುರುಕಾಗಿ ಹೋಗುತ್ತಿತ್ತು. ಮೌನೇಶ್ವರಿ ಬಲಗಡೆ ಎಳೆದರೆ ಎತ್ತಿನ ಬಲ, ಎಡಗಡೆ ಬರೀ ನೆಪ. ಹಾಗಾಗಿ ಅವಳ ಕಯಾಕು ಕುಡಿದವನ ಹಾಗೆ ಎಡದಂಡೆಗೆ ಹೋಗಿ ಮೂತಿ ಉಜ್ಜುತ್ತಿತ್ತು. ಒಂದು ವಾರ ನೋಡಿ ಸರ್ ಅವಳಿಗೆ ಕನೂ ಕೊಟ್ಟರು. ಕನೂನಲ್ಲಿ ಮಂಡಿಯೂರಿ ತೊಡೆಗೆ ಪಟ್ಟಿ ಬಿಗಿದುಕೊಳ್ಳಬೇಕು, ಹುಟ್ಟಿಗೆ ಒಂದೇ ಅಲಗು. ಒಂದೇ ಕಡೆ ಎಳೆದು, ಎಳೆತದ ಕೊನೆಗೆ ಮಣಿಕಟ್ಟು ತಿರುವಿ ದೋಣಿಯನ್ನು ನೇರ ಮಾಡಿಕೊಳ್ಳಬೇಕು. ಕಯಾಕಿನ ಓಟ ಅದಕ್ಕಿಲ್ಲ, ಆದರೆ ಎತ್ತರದಿಂದ ಮುಂದಿನ ನೀರು ಕಾಣುತ್ತದೆ, ಹುಟ್ಟು ಆಳಕ್ಕೆ ಇಳಿಯುತ್ತದೆ.

"ಇದು ನಿಂದs ನೋಡವಾ," ಎಂದರು ಸರ್.

ನಿಜಕ್ಕೂ ಅವಳದೇ ಆಗಿತ್ತು, ಎಡದಂಡೆಯ ಕೆಂಪು ಗೇಟು ಬರುವತನಕ. ಅಲ್ಲಿ ಎಡಕ್ಕೆ ಹೊರಳಿ ಹತ್ತಬೇಕು. ಕಯಾಕಿನವರಿಗೆ ಎಡಕ್ಕೂ ಅಲಗಿದೆ, ಚಿಂತೆಯಿಲ್ಲ. ಬಲಗಡೆ ಹುಟ್ಟು ಹಾಕುವ ಕನೂದವರು ಹಿಡಿತ ಬಿಡದೆ ಸೊಂಟ ತಿರುಗಿಸಿ, ಹುಟ್ಟನ್ನು ದೋಣಿಯ ಮೇಲಿಂದ ಆಚೆ ದಾಟಿಸಿ ಎಡನೀರನ್ನು ಎಳೆಯಬೇಕು. ಮೌನೇಶ್ವರಿ ಇಡೀ ದೋಣಿಯನ್ನೇ ಗರಗರ ಒಂದು ಸುತ್ತು ಹೊಡೆಸಿ ಗೇಟನ್ನು ತನ್ನ ಬಲಕ್ಕೆ ತಂದುಕೊಂಡಳು. ಹರಿಗೋಲಿಗೆ ಹಿಂದಿಲ್ಲ ಮುಂದಿಲ್ಲ, ಎತ್ತ ತಿರುಗಿದರೂ ಅದೇ ಮುಖ. ಕನೂಗೆ ಹಾಗಲ್ಲ. ಒಂದು ಸುತ್ತಿಗೆ ನಾಲ್ಕು ಸೆಕೆಂಡು ಹೋಯಿತು.

"ಸರ, ಇಕಿ ಗೇಟಿಗೆ ಪ್ರದಕ್ಷಿಣಿ ಹಾಕಾಕತ್ತಾಳ್ರಿ," ಎಂದು ರಾಧಿಕಾ ನಕ್ಕಳು.

ಸರ್ ನಗಲಿಲ್ಲ. ಆಯ್ಕೆ ಸ್ಪರ್ಧೆಗೆ ಎರಡೇ ತಿಂಗಳಿತ್ತು. ಹೆಂಗಸರ ಕನೂನಲ್ಲಿ ಮೊದಲು ಬಂದ ಒಬ್ಬಳಿಗೆ ಮಾತ್ರ ರಾಷ್ಟ್ರೀಯ ಶಿಬಿರ, ಒಂದು ವರ್ಷ.

"ನಾ ಸಂಜೀಕ ಕಲಿಸಿದ್ದನ್ನ ಆ ಹರಿಗೋಲು ಮುಂಜಾನಿ ಅಳಿಸಿಬಿಡ್ತದ. ಎರಡು ತಿಂಗಳು ಅದನ್ನ ಮುಟ್ಟಬ್ಯಾಡ. ಮುಟ್ಟಿದ್ರ ಇಲ್ಲಿಗೆ ಬರಬ್ಯಾಡ."

ಅವಳು ಮನೆಯಲ್ಲಿ ಹೇಳಿದಳು. ಅವ್ವ ಮರಿಲಿಂಗಮ್ಮ ಪಕ್ಕದ ಮನೆಯ ಅಯ್ಯಪ್ಪನನ್ನು ಕರೆಯೋಣವೆಂದಳು. ಅಯ್ಯಪ್ಪ ಬಾಯಿ ಓಡಿದಷ್ಟು ಕೈ ಓಡದ ಆಸಾಮಿ ಎಂದು ಹೊಳೆಗೆಲ್ಲ ಗೊತ್ತಿತ್ತು. ರಾಮಣ್ಣ ರೊಟ್ಟಿ ಮುರಿಯುತ್ತ, "ಬ್ಯಾಡ ಬಿಡು. ನಾ ಒಬ್ಬನs ಹೋಗ್ತೀನಿ," ಎಂದ.

ಒಬ್ಬನೇ ಹೋದ. ಸೂರ್ಯ ನೆತ್ತಿಗೆ ಬಂದರೂ ಬರಲಿಲ್ಲ. ದಂಡೆಯಲ್ಲಿ ಅವ್ವ ಬುಟ್ಟಿ ಹಿಡಿದು ನಿಂತಿದ್ದಳು, ಮಗಳ ಮುಖ ಮಾತ್ರ ನೋಡಲಿಲ್ಲ. ಕೊನೆಗೆ ಅವನು ಬಂದಾಗ ಬಲೆಯ ಅರ್ಧ ಹೊಳೆಯಲ್ಲೇ ಉಳಿದಿತ್ತು, ಎಡ ಅಂಗೈ ಸೀಳಿತ್ತು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳು.

ಮರುದಿನ ಬೆಳಗ್ಗೆ ಅವಳೇ ಮೊದಲು ಹೋಗಿ ಹರಿಗೋಲಿನ ಬಲಗಡೆ ಕೂತಳು.

"ನಿಮ್ಮ ಸರ?" ಎಂದ ಅಪ್ಪ.

"ಹೂಂ ಅಂದಾರ."

ಸಂಜೆ ಸರ್ ಕೇಳಿದರು, "ಹರಿಗೋಲು ಬಿಟ್ಟಿಯಿಲ್ಲೋ?"

"ಬಿಟ್ಟೀನ್ರಿ ಸರ."

ಅಲ್ಲಿಂದ ಎರಡು ತಿಂಗಳು ಅವಳ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದು. ಬೆಳಗ್ಗೆ ಬಲ, ಸಂಜೆ ಎಡ, ನಡುವೆ ಎರಡು ಸುಳ್ಳು. ಮಧ್ಯಾಹ್ನ ಅಡಿಗೆಮನೆಯಲ್ಲಿ ಮಂಡಿಯೂರಿ ಕೋಲು ಹಿಡಿದು ಸೊಂಟ ತಿರುಗಿಸಿದಳು, ನೂರು ಸಲ, ಇನ್ನೂರು ಸಲ. ಮಂಡಿಯ ಚರ್ಮ ಸುಲಿಯಿತು. ಒಂದು ಬೆಳಗ್ಗೆ ಹರಿಗೋಲಿನಲ್ಲೇ, ಅಪ್ಪನ ಕಣ್ಣು ತಪ್ಪಿಸಿ ಹುಟ್ಟನ್ನು ಎಡಕ್ಕೆ ದಾಟಿಸಿ ನೋಡಿದಳು. ಎಡಕ್ಕೆ ಎಲ್ಲಿದೆ ಜಾಗ? ಅಲ್ಲಿ ಅಪ್ಪ ಕೂತಿದ್ದ. ಅಲಗು ಅವನ ಹೆಗಲಿಗೆ ಬಡಿಯಿತು.

"ಏನಾತು?"

"ನೊಣ ಕುಂತಿತ್ತಪ್ಪಾ."

ಅವನು ಹೆಗಲು ಸವರಿಕೊಂಡು ಬಲೆಗೆ ತಿರುಗಿದ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆಯ್ಕೆಯ ದಿನ ಹೊಳೆ ಕೆಂಪಗೆ ತುಂಬಿ ಬಂದಿತ್ತು. ಬೇರೆ ಜಿಲ್ಲೆಗಳ ಇಬ್ಬರು ಹುಡುಗಿಯರು ಅವಳಿಗಿಂತ ಮೊದಲು ಇಳಿದು ಒಳ್ಳೆಯ ಸಮಯ ಮಾಡಿದರು. ಮೌನೇಶ್ವರಿ ತೊಡೆಗೆ ಪಟ್ಟಿ ಬಿಗಿದುಕೊಂಡು ನೀರಿಗೆ ಇಳಿದಳು. ಹನ್ನೊಂದು ಗೇಟು ಸಲೀಸಾಗಿ ದಾಟಿದಳು. ಹನ್ನೆರಡನೆಯದು ಎಡದಂಡೆಯ ಕೆಂಪು. ಮೈ ತಂತಾನೇ ಬಲಕ್ಕೆ ಸುತ್ತಲು ಹೊರಟಿತು. ಅವಳು ಹಲ್ಲು ಕಚ್ಚಿ ಸೊಂಟ ಹೊರಳಿಸಿ ಹುಟ್ಟನ್ನು ಆಚೆ ದಾಟಿಸಿದಳು. ಅಲ್ಲಿ ಯಾರ ಹೆಗಲೂ ಇರಲಿಲ್ಲ. ಎಡನೀರು ಅಲಗಿಗೆ ಗಟ್ಟಿಯಾಗಿ ಸಿಕ್ಕಿತು, ಎಳೆದಳು, ದೋಣಿ ಎದುರುನೀರು ಹತ್ತಿ ಕಂಬಗಳ ನಡುವೆ ನುಸುಳಿತು. ಒಂದೂ ತಾಗಲಿಲ್ಲ.

ಮೊದಲ ಸ್ಥಾನ, ಎರಡು ಸೆಕೆಂಡಿನ ಅಂತರ. ರಾಧಿಕಾ ಅಪ್ಪಿಕೊಂಡಳು. ಸರ್ ಬೆನ್ನು ತಟ್ಟಿ, "ನೋಡು, ಹರಿಗೋಲು ಬಿಟ್ಟಿದ್ದಕ್ಕs ಬಂತು," ಎಂದರು. ಅವಳು ತಲೆ ತಗ್ಗಿಸಿದಳು.

ಶಿಬಿರಕ್ಕೆ ಹತ್ತು ದಿನವಿತ್ತು. ಮರುದಿನ ಬೆಳಗ್ಗೆ ಹರಿಗೋಲಿನಲ್ಲಿ ಅಪ್ಪನಿಗೆ ನಿಜ ಹೇಳಬೇಕೆಂದು ಮಾತು ಜೋಡಿಸುತ್ತ ಕೂತಿದ್ದಳು. ಬಲೆ ಭಾರವಾಗಿತ್ತು. ರಾಮಣ್ಣ ಅಂಚಿಗೆ ಬಾಗಿ, "ಹಿಡಿ," ಎಂದ. ಹನ್ನೊಂದು ವರ್ಷ ಕೇಳಿದ ಮಾತು. ಅವಳು ಯೋಚಿಸಲೇ ಇಲ್ಲ. ಸೊಂಟ ತಾನಾಗಿ ಹೊರಳಿತು, ಹುಟ್ಟು ಬಾಗಿದ ಅಪ್ಪನ ಬೆನ್ನ ಮೇಲಿಂದ ಹಾರಿ ಎಡನೀರಿಗೆ ಬಿತ್ತು, ಅವಳು ಬಲವಾಗಿ ಎಳೆದಳು. ಹರಿಗೋಲು ಸೀದಾ ಬಲೆಯ ಮೇಲೆ ಹತ್ತಿತು. ರಾಮಣ್ಣ ಮುಗ್ಗರಿಸಿ ಮೊಣಕಾಲ ಮೇಲೆ ಬಿದ್ದ, ಬಲೆ ಪರ್ರನೆ ಹರಿದು ಮೀನೆಲ್ಲ ಹೊಳೆ ಪಾಲಾಯಿತು.

ರಾಮಣ್ಣ ಎದ್ದು ಹರಿದ ತುದಿಯನ್ನು ನೋಡಿದ, ಮಗಳ ಕೈ ನೋಡಿದ, ಹುಟ್ಟು ಇನ್ನೂ ಎಡಕ್ಕೇ ಇದ್ದದ್ದನ್ನು ನೋಡಿದ.

"ಕಲ್ತಿ," ಎಂದ.

ಅದರಲ್ಲಿ ಸಿಟ್ಟಿರಲಿಲ್ಲ. ಹೆಮ್ಮೆಯೇ ಇತ್ತು, ಅದೇ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಸರ ಹೂಂ ಅಂದಿರಲಿಲ್ಲ. ನಾ ಸುಳ್ಳು ಹೇಳೀನಿ."

"ನೊಣಾ ಹೊಡ್ಯಾಕ ಅಷ್ಟು ಜೋರ ಬಡೀತಾರೇನು? ನಂಗ ಅವತ್ತs ಗೊತ್ತಾತು." ಅವನು ಉಳಿದ ಬಲೆಯನ್ನು ಒಳಗೆ ಎಳೆದುಕೊಂಡ. "ನಾಳಿಂದ ನೀ ಹತ್ತಬ್ಯಾಡ. ಹತ್ತಿದ್ರ ನಂದೂ ಕೆಡ್ತದ, ನಿಂದೂ ಕೆಡ್ತದ."

"ಮತ್ತ ನಿನಗ ಯಾರು ಹಿಡೀತಾರ?"

ರಾಮಣ್ಣ ಸೆಟೆದ ಬೆರಳಿಗೆ ದಾರ ಸಿಕ್ಕಿಸಿ ಇನ್ನೊಂದು ಕೈಯಿಂದ ಗಂಟು ಬಿಡಿಸುತ್ತ ಕೂತ. ಹತ್ತಬ್ಯಾಡ ಎಂಬ ಮಾತನ್ನು ಕೇಳಲು ಅವಳು ಎಷ್ಟೋ ವರ್ಷ ಕಾದಿದ್ದಳು. ಈಗ ಅದು ಎದೆಯ ಮೇಲೆ ಕಲ್ಲಿಟ್ಟಂತೆ ಕೂತಿತು. ಹರಿಗೋಲು ನೀರಿನಲ್ಲಿ ಸುಮ್ಮನೆ ಸುತ್ತತೊಡಗಿತು.

"ದಂಡಿಗೆ ನಡಿಯವಾ," ಎಂದ ಅಪ್ಪ.

ಅವಳು ಹುಟ್ಟು ಎತ್ತಿಕೊಂಡಳು. ಅದನ್ನು ಯಾವ ಕಡೆ ಹಾಕಬೇಕೆಂದು ಅವಳಿಗೆ ಹೊಳೆಯಲಿಲ್ಲ.