ರೊಟ್ಟಿಯ ಸಪ್ಪಳ

ಕೆಲಸ ಕೇಳಿಕೊಂಡು ಬಂದವರ ಕೈಯನ್ನು ಮೊದಲು ನೋಡಬೇಕೋ, ಊರನ್ನು ಮೊದಲು ಕೇಳಬೇಕೋ? ನಮ್ಮ ರೋಣದ ಸೀಮೆಯ ಮಂದಿಗೆ ಇದರಲ್ಲಿ ಅನುಮಾನವೇ ಇಲ್ಲ. ಹೊಸ್ತಿಲ ಹೊರಗೆ ನಿಂತವರು ಬಾಯಿ ತೆರೆಯುವ ಮೊದಲೇ "ಯಾವೂರು? ಯಾರ ಪೈಕಿ?" ಎಂದು ಕೇಳಿಬಿಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಅದು ಕುಶಲ ವಿಚಾರಿಸಿದ ಹಾಗೆ. ಸಕ್ರವ್ವನಿಗೆ ಮಾತ್ರ ಆ ಎರಡು ಮಾತು ಕಿವಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತಿತ್ತು.

ಅವಳು ಹತ್ತೊಂಬತ್ತರ ಹುಡುಗಿ. ಹುಟ್ಟಿದ್ದು ಗೋವೆಯ ಬಂದರಿನ ಜೋಪಡಿಯೊಂದರಲ್ಲಿ. ಅಪ್ಪ ಪರಶಪ್ಪ, ಅವ್ವ ಅಡಿವೆವ್ವ ಇಬ್ಬರೂ ಇದೇ ಸೀಮೆಯ ಶಿರೋಳದವರೇ. ಮದುವೆಯಾದ ವರ್ಷವೇ ಕೂಲಿ ಹುಡುಕಿಕೊಂಡು ಘಟ್ಟ ಇಳಿದು ಹೋದವರು, ಹಡಗುಗಳಿಗೆ ಕಲ್ಲಿದ್ದಲಿನ ಬುಟ್ಟಿ ಹೊತ್ತುಕೊಂಡು ಅಲ್ಲೇ ಉಳಿದುಬಿಟ್ಟರು. ಅಪ್ಪ ಅಲ್ಲೇ ತೀರಿಕೊಂಡ. ೧೯೫೫ರ ಮಳೆಗಾಲದಲ್ಲಿ ಗೋವೆಯಲ್ಲಿ ಪೋರ್ತುಗೀಜರ ವಿರುದ್ಧದ ಗಲಾಟೆ ಜೋರಾಗಿ, ಗಡಿ ಇನ್ನೇನು ಮುಚ್ಚುತ್ತದೆ ಎನ್ನುವಾಗ ತಾಯಿ ಮಗಳು ಗಂಟು ಕಟ್ಟಿಕೊಂಡು ಈಚೆ ಬಂದರು. ಅಡಿವೆವ್ವ ತನ್ನ ನಾಡಿಗೆ ಮರಳಿದಳು. ಸಕ್ರವ್ವ ಕಂಡು ಕೇಳರಿಯದ ದೇಶಕ್ಕೆ ಬಂದಳು. ಗಂಜಿ, ಮೀನು, ಪಾವ್ ಬ್ರೆಡ್ಡು ತಿಂದು ಬೆಳೆದವಳು ಅವಳು. ಅವ್ವ ನಸುಕಿನಲ್ಲೇ ಬಂದರಿಗೆ ಹೋಗುತ್ತಿದ್ದುದರಿಂದ ಒಲೆ ಹಚ್ಚಿದ್ದೆಲ್ಲ ಮಗಳೇ. ಜೋಳದ ಹಿಟ್ಟು ಹೇಗಿರುತ್ತದೆಂದು ನೋಡಿದ್ದು ಇಲ್ಲಿಗೆ ಬಂದ ಮೇಲೆ.

ಶಿರೋಳದಲ್ಲಿ ಸೋದರಮಾವ ಕಳಕಪ್ಪ ದನದ ಕೊಟ್ಟಿಗೆಯ ಒಂದು ಮೂಲೆ ತೋರಿಸಿದ. ಅವನ ಹೆಂಡತಿ ಮಾನವ್ವ ಮುಚ್ಚುಮರೆ ಇಲ್ಲದೆ ಹೇಳಿದಳು: "ಬನ್ನಿ ಹಬ್ಬದ ತನಾ ಇರ್ರಿ. ಆಮ್ಯಾಲೆ ನಿಮ್ಮ ದಾರಿ ನೀವು ನೋಡ್ಕೋರಿ. ನಮ್ಮ ಹೊಟ್ಟಿಗೇ ಸಾಲವಲ್ದು." ಗೋವೆಗೆ ತಿರುಗಿ ಹೋಗುವ ಹಾಗಿರಲಿಲ್ಲ. ಹಬ್ಬ ದಾಟುವುದರೊಳಗೆ ಕೆಲಸ ಸಿಗದಿದ್ದರೆ, ಕೆಮ್ಮುವ ಅವ್ವನನ್ನು ಎಲ್ಲಿ ಮಲಗಿಸಬೇಕು? ಸಕ್ರವ್ವನ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು.

ಮೊದಲು ಹೋದದ್ದು ರೋಣಕ್ಕೆ, ಒಬ್ಬ ವಕೀಲರ ಮನೆಗೆ. ಪಾತ್ರೆ ಬಟ್ಟೆಗೆ ಹೆಣ್ಣಾಳು ಬೇಕಾಗಿದ್ದಳಂತೆ. ಯಾವೂರು ಎಂದಾಗ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ವಕೀಲರ ಮುಖ ಅರಳಿತು. ಕುರ್ಚಿ ಎಳೆದುಕೊಂಡು ಕೂತರು. ಫಿರಂಗಿ ಪೊಲೀಸರು ಹೇಗಿದ್ದಾರೆ, ಜೈಲಿನಲ್ಲಿ ಎಷ್ಟು ಮಂದಿ, ಬಂದರಿಗೆ ಯಾವ ದೇಶದ ಹಡಗು ಬರುತ್ತದೆ ಎಂದು ಕೇಳಿದ್ದೇ ಕೇಳಿದ್ದು. ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡು ಅವಳೂ ನಿಂತುಕೊಂಡೇ ಎಲ್ಲ ಹೇಳಿದಳು. ಕೊನೆಗೆ ವಕೀಲರ ಹೆಂಡತಿ ಸಕ್ಕೂಬಾಯಿ ಒಳಗಿನಿಂದ ಬಂದು ಒಂದೇ ಮಾತು ಕೇಳಿದರು: "ಅಲ್ಲೆ ಏನ ತಿಂತಿದ್ರಿ?"

"ಅನ್ನ, ಮೀನ್ರಿ."

ಸಕ್ಕೂಬಾಯಿ ಗಂಡನ ಮುಖ ನೋಡಿದರು. ವಕೀಲರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಅಲ್ಲಿಗೆ ಮುಗಿಯಿತು. ಗೋವೆಯ ಸುದ್ದಿ ಬೇಕಾಗಿತ್ತೇ ಹೊರತು ಗೋವೆಯ ಹುಡುಗಿ ಯಾರಿಗೂ ಬೇಕಾಗಿರಲಿಲ್ಲ.

ಖರೇ ಹೇಳಿ ಕೆಟ್ಟೆ ಎಂದುಕೊಂಡು ನರಗುಂದದಲ್ಲಿ ಸುಳ್ಳು ಹೇಳಿದಳು. ಅಲ್ಲಿ ಹತ್ತಿ ಗಿರಣಿಯ ಮುಕಾದಮ ಗೋಣೆಪ್ಪ ಹೆಣ್ಣಾಳುಗಳನ್ನು ಸಾಲಾಗಿ ನಿಲ್ಲಿಸಿ ಆರಿಸುತ್ತಿದ್ದ.

"ಯಾವೂರು?"

"ಶಿರೋಳ್ರಿ."

ಅವನು ಮುಂದೆ ಹೊರಟವನು ತಿರುಗಿ ಬಂದ. ಮಾತು ಇಲ್ಲಿಯದು, ರಾಗ ಇಲ್ಲಿಯದಲ್ಲ ಎಂದು ಅವನ ಕಿವಿಗೆ ಹೊಡೆದಿತ್ತು. "ನಮ್ಮ ಬೀಗರ ಊರು ಅದು. ಅಗಸಿ ಯಾವ ದಿಕ್ಕಿಗೈತಿ ಹೇಳ ನೋಡೂಣು."

ಕೊಟ್ಟಿಗೆಯಿಂದ ಹೊಲದ ದಾರಿ ಹಿಡಿದು ಓಡಾಡಿದವಳಿಗೆ ಊರ ಹೆಬ್ಬಾಗಿಲಿನ ದಿಕ್ಕು ಹೇಗೆ ಗೊತ್ತು? ತಡವರಿಸಿದಳು. ಮೂಡಣಕ್ಕೆ ಎಂದಳು. ಗೋಣೆಪ್ಪ ಗದರಿದ: "ಸುಳ್ಳ ಹೇಳ್ತಿ! ಯಾರಾಕಿ ನೀ? ಫಿರಂಗ್ಯಾರ ಕಡಿಯಾಕೇನ?" ಸಾಲಿನ ಹೆಂಗಸರೆಲ್ಲ ಅವಳಿಂದ ದೂರ ಸರಿದರು. ಯಾರೋ ಪೊಲೀಸರ ಹೆಸರೆತ್ತಿದರು. ಸಕ್ರವ್ವ ಸೆರಗು ಬಿಗಿಹಿಡಿದು ಅಲ್ಲಿಂದ ಓಟ ಕಿತ್ತಳು.

ಹಬ್ಬ ಇನ್ನೇನು ಬಂತು ಎನ್ನುವಾಗ ಉಳಿದದ್ದು ಗಜೇಂದ್ರಗಡ ಒಂದೇ. ಈ ಸಲ ಸಾಕ್ಷಿಗೆ ಇರಲೆಂದು ಅವ್ವನನ್ನೂ ಕರೆದುಕೊಂಡು ಹೋದಳು. ನೇಕಾರರ ಓಣಿಯಲ್ಲಿ ಹುಚ್ಚವ್ವ ಎಂಬಾಕೆ ನೂಲು ಸುತ್ತಲು ಇಟ್ಟುಕೊಳ್ಳುತ್ತೇನೆ ಎಂದು ಒಪ್ಪಿಯೂ ಆಗಿತ್ತು. ಅಷ್ಟರಲ್ಲಿ ಅಡಿವೆವ್ವನಿಗೆ ಕೆಮ್ಮು ಬಂತು. ಅದು ಹಾಳು ಕೆಮ್ಮು, ಬಂದರೆ ಬಗ್ಗಿಸಿಯೇ ಬಿಡುತ್ತಿತ್ತು. ಹುಚ್ಚವ್ವ ನೂಲಿನ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. "ಮನ್ಯಾಗ ಹುಡುಗರದಾವ್ರವಾ. ಬ್ಯಾಡ."

ಓಣಿಯ ತುದಿಗೆ ಬಂದ ಮೇಲೆ ಅಡಿವೆವ್ವ ಹೇಳಿದಳು: "ಇನ್ನ ಮ್ಯಾಲೆ ನಾ ಒಳಗ ಬರಂಗಿಲ್ಲ. ನೀ ಒಬ್ಬಾಕೀನ ಹೋಗು. ನಾ ನಿನಗ ಅಡ್ಡ ಆಗೇನಿ." ಮಗಳು ಅಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಆ ಗಳಿಗೆಯಲ್ಲಿ ಅವಳಿಗೂ ಹಾಗೇ ಅನ್ನಿಸಿತ್ತು.

ಬಸ್ ಸ್ಟ್ಯಾಂಡಿನ ಎದುರಿಗೇ ಶಂಕ್ರವ್ವನ ಖಾನಾವಳಿ. ಶಂಕ್ರವ್ವ ದಪ್ಪ ಆಳು. ಗಲ್ಲಾ ಪೆಟ್ಟಿಗೆಯ ಮುಂದೆ ಕೂತರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಏಳುವವಳಲ್ಲ. ರೊಟ್ಟಿ ಬಡಿಯುವ ಫಕೀರವ್ವ ಹೆರಿಗೆಗೆ ತವರಿಗೆ ಹೋದದ್ದರಿಂದ ತಲೆ ಕೆಟ್ಟು ಕೂತಿದ್ದಳು. ಅವ್ವನನ್ನು ಹಿತ್ತಲ ಬಾವಿಯ ಹತ್ತಿರ ಕೂರಿಸಿ ಸಕ್ರವ್ವ ಮುಂದಿನ ಬಾಗಿಲಿಗೆ ಬಂದಳು.

"ರೊಟ್ಟಿ ಬಡಿಯಾಕ ಬರತೈತೇನ?"

"ಬರತೈತ್ರಿ." ಸುಳ್ಳು ತಾನಾಗಿಯೇ ಬಾಯಿಂದ ಹೊರಟುಹೋಯಿತು.

"ಯಾರ ಪೈಕಿ ನೀ?"

ದೇವರು ದೊಡ್ಡವನು, ಅದೇ ಹೊತ್ತಿಗೆ ರೋಣದ ಬಸ್ಸು ಹಾರ್ನ್ ಹೊಡೆಯುತ್ತ ಬಂದು ನಿಂತಿತು. ಮಂದಿ ದಬದಬ ಒಳಗೆ ನುಗ್ಗಿದರು. "ಆಮ್ಯಾಲೆ ಹೇಳಂತಿ, ಲಗೂ ಒಳಗ ಹೋಗು. ಒಲಿ ಹತ್ತೇತಿ, ಹಿಟ್ಟೈತಿ. ನಾ ಎದ್ದು ಬಂದು ನೋಡಂಗಿಲ್ಲ. ಸಪ್ಪಳ ಕೇಳಿದ್ರ ಕೈ ಹ್ಯಾಂಗೈತಿ ಅಂತ ನನಗ ತಿಳಿತೈತಿ."

ಒಳಗೆ ಹೋಗಿ ಸಕ್ರವ್ವ ಹಿಟ್ಟಿಗೆ ನೀರು ಹಾಕಿದಳು. ಮಾವನ ಮನೆಯಲ್ಲಿ ಮಾನವ್ವ ಮಾಡುವುದನ್ನು ದೂರದಿಂದ ನೋಡಿದ್ದಳು, ಅಷ್ಟೇ. ಉಂಡೆ ಕೈಗೆ ಅಂಟಿತು. ಬಡಿದರೆ ಪಚ್, ಪಚ್ ಎಂದು ಅಂಚು ಒಡೆಯಿತು. ಎತ್ತಲು ಹೋದರೆ ಎರಡು ತುಂಡು. ಹೊರಗಿನಿಂದ ಶಂಕ್ರವ್ವ ಕೂಗಿದಳು: "ಏನ ತಂಗಿ, ಸಗಣಿ ಕುಳ್ಳು ಬಡಿಯಾಕತ್ತೀಯೇನ?" ಗಿರಾಕಿಗಳೆಲ್ಲ ನಕ್ಕರು. ಸಕ್ರವ್ವನ ಕಣ್ಣಲ್ಲಿ ನೀರು ತುಂಬಿತು.

ಹಿತ್ತಲ ಬಾಗಿಲಲ್ಲಿ ಅಡಿವೆವ್ವ ನಿಂತಿದ್ದಳು. ಸಪ್ಪಳ ಕೇಳಿಯೇ ಎದ್ದು ಬಂದಿದ್ದಳು. ಕೈ ತೊಳೆದು, ಮಗಳನ್ನು ಭುಜದಿಂದ ಸರಿಸಿ ಕೂತಳು.

"ಬ್ಯಾಡವಾ, ಕೆಮ್ಮು ಬಂದ್ರ?" ಎಂದು ಸಕ್ರವ್ವ ಪಿಸುಗುಟ್ಟಿದಳು.

"ಬರಂಗಿಲ್ಲ. ನೀ ಹಂಚ ನೋಡು."

ಕಾದ ನೀರು ಹಾಕಿ ಹಿಟ್ಟನ್ನು ಮತ್ತೆ ನಾದಿದಳು. ಮೊದಲ ರೊಟ್ಟಿ ಸ್ವಲ್ಪ ತಡವಾಯಿತು. ಎರಡನೆಯದಕ್ಕೆ ಕೈ ಕೂತಿತು. ಪಟ ಪಟ ಪಟ ಎಂದು ಬಡಿತ ಶುರುವಾದದ್ದೇ, ರೊಟ್ಟಿ ತಾನಾಗಿ ಪರಾತದಲ್ಲಿ ತಿರುಗತೊಡಗಿತು. ಹೊರಗಿನಿಂದ "ಹಾಂ! ಈಗ ನೋಡ, ಈಗ ಬಂತು ಕೈ!" ಎಂದ ದನಿ ಕೇಳಿತು. ಸಕ್ರವ್ವ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತ, ತಿರುವಿ ಹಾಕುತ್ತ, ಅವ್ವನ ಗಂಟಲನ್ನೇ ನೋಡುತ್ತಿದ್ದಳು. ಒಮ್ಮೆ ಕೆಮ್ಮು ಮೇಲಕ್ಕೆ ಬಂತು. ಅಡಿವೆವ್ವ ಸೆರಗು ಕಚ್ಚಿ ನುಂಗಿಕೊಂಡಳು. ಬಡಿತ ತಪ್ಪಲಿಲ್ಲ. ಇನ್ನೊಮ್ಮೆ ಬಂದರೆ ಮುಗಿಯಿತು ಎಂದು ಹುಡುಗಿಯ ಜೀವ ಬಾಯಿಗೆ ಬಂದಿತ್ತು.

"ತಂಗೀ, ಒಂದ ಬಿಸಿ ರೊಟ್ಟಿ ತಗೊಂಡ ಬಾ ಇತ್ತಾಗ. ರುಚಿ ನೋಡೂಣು!"

ಸಕ್ರವ್ವ ತನ್ನ ಮೊಣಕೈವರೆಗೂ ಒಣ ಹಿಟ್ಟು ಹಚ್ಚಿಕೊಂಡಳು. ಹಣೆಗೂ ಒಂದಿಷ್ಟು ಸವರಿಕೊಂಡಳು. ಒಳ್ಳೆಯ ರೊಟ್ಟಿಯೊಂದನ್ನು ಆರಿಸಿ ತಾಟಿನಲ್ಲಿಟ್ಟುಕೊಂಡು ಹೊರಗೆ ಬಂದಳು. ಇಷ್ಟು ದಿನ ತಗ್ಗಿಸಿಕೊಂಡು ಓಡಾಡಿದ ತಲೆಯನ್ನು ಅವತ್ತು ಎತ್ತಿ ನಡೆದಳು. ಶಂಕ್ರವ್ವ ರೊಟ್ಟಿ ಮುರಿದಳು, ಬೆಣ್ಣೆ ಸವರಿದಳು, ಬಾಯಿಗೆ ಒಯ್ದಳು. ಒಯ್ದ ಕೈ ಅಲ್ಲೇ ನಿಂತಿತು.

ಒಳಗಿನಿಂದ ಪಟ ಪಟ ಪಟ ಎಂದು ಸಪ್ಪಳ ಬರುತ್ತಲೇ ಇತ್ತು.

ಸಕ್ರವ್ವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವನಿಗೆ ಕೆಮ್ಮಿನ ಬಗ್ಗೆ ಎಚ್ಚರಿಸಿದ್ದಳು, ಬಡಿಯುವುದನ್ನು ನಿಲ್ಲಿಸು ಎಂದಿರಲಿಲ್ಲ. ಊಟಕ್ಕೆ ಕೂತವರೆಲ್ಲ ತುತ್ತು ಹಿಡಿದುಕೊಂಡು ಅವಳ ಹಿಟ್ಟು ಬಳಿದ ಮುಖ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೂ ಆಗುತ್ತಿತ್ತು.

ಶಂಕ್ರವ್ವ ಗಲ್ಲಾ ಬಿಟ್ಟು ಎದ್ದಳು. ಸಕ್ರವ್ವ ಅವಳ ಹಿಂದೆ ಹೋದಳು. ಒಲೆಯ ಮುಂದೆ ಅಡಿವೆವ್ವ ಅರೆಗಣ್ಣು ಮುಚ್ಚಿ ಬಡಿಯುತ್ತಿದ್ದಳು. ಮಗಳು ಹೊರಗೆ ಹೋದದ್ದಾಗಲಿ, ಇವರು ಬಂದು ನಿಂತದ್ದಾಗಲಿ ಅವಳಿಗೆ ಗೊತ್ತಾಗಿರಲಿಲ್ಲ. ಇಪ್ಪತ್ತು ವರ್ಷ ಜೋಳದ ಹಿಟ್ಟು ಮುಟ್ಟದ ಕೈ ಅದು. ಅವ್ವನ ಮುಖ ಇಷ್ಟು ಸುಖವಾಗಿ ಇದ್ದದ್ದನ್ನು ಸಕ್ರವ್ವ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಂದರಿನ ಮಸಿಯ ಮುಖವೇ ಅವ್ವನ ಮುಖ ಎಂದು ತಿಳಿದಿದ್ದಳು. ಈಕೆಯನ್ನು ತಾನು ಬಾವಿಯ ಹತ್ತಿರ ಗಂಟಿನ ಹಾಗೆ ಇಟ್ಟು ಬಂದಿದ್ದೆ ಎಂದು ಸಂಕಟವಾಯಿತು.

ನೆರಳು ಬಿದ್ದಾಗ ಅಡಿವೆವ್ವ ಕಣ್ಣು ತೆರೆದಳು. ಕೈ ನಿಂತಿತು. ಹಿಡಿದಿಟ್ಟ ಕೆಮ್ಮೆಲ್ಲ ಒಟ್ಟಿಗೆ ಹೊರಬಿತ್ತು.

"ತಪ್ಪಾತ್ರಿ," ಎಂದಳು ಸಕ್ರವ್ವ. "ನನಗ ಬರೂದಿಲ್ರಿ. ಆಕೀಗೆ ಏನೂ ಅನಬ್ಯಾಡ್ರಿ."

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಶಂಕ್ರವ್ವ ಬಗ್ಗಿ ತಾನೇ ತಿರುವಿ ಹಾಕಿದಳು. ಕೆಮ್ಮು ನಿಲ್ಲುವವರೆಗೆ ಕಾದು ಕೇಳಿದಳು: "ಯಾವೂರವಾ?"

"ಶಿರೋಳ್ರಿ. ಕಳಕಪ್ಪನ ತಂಗಿ."

ಎಷ್ಟು ಸಣ್ಣ ಉತ್ತರ! ಸಕ್ರವ್ವನಿಗೆ ಮೂರೂರಿನಲ್ಲಿ ಸಿಗದ ಉತ್ತರ.

"ಈ ಕೆಮ್ಮು?"

"ಕಲ್ಲಿದ್ದಲಿ ಧೂಳ್ರಿ. ಮಂದಿಗೆ ಹತ್ತೂದಲ್ಲ."

ಶಂಕ್ರವ್ವ ಹಿತ್ತಲ ಬಾಗಿಲನ್ನು ಪೂರಾ ತೆರೆದಳು. "ಗಾಳಿ ಆಡ್ಲಿ. ಕೆಮ್ಮು ಬಂದ್ರ ಹೊರಗ ಹೋಗಿ ಬಾ. ರಾತ್ರಿ ಇಲ್ಲೇ ಮಲಕೋ, ನಸುಕಿನ್ಯಾಗ ಎದ್ದು ಬಡೀಬೇಕು." ಸಕ್ರವ್ವನ ಕಡೆ ತಿರುಗಿದಳು. "ಕೆಲಸ ಈಕೀಗೆ. ಸುಳ್ಳ ಹೇಳಿದಾಕಿಗಲ್ಲ. ಯಾರ ಪೈಕಿ ಅಂತ ಕೇಳಿದ್ನಲ್ಲ, ಈಗ ಹೇಳು. ಯಾರ ಪೈಕಿ ನೀ?"

ರೋಣದಲ್ಲಿ ಹೇಳಿದ ಗೋವೆ ನಾಲಿಗೆಗೆ ಬರಲಿಲ್ಲ. ನರಗುಂದದಲ್ಲಿ ಹೇಳಿದ ಶಿರೋಳವೂ ಬರಲಿಲ್ಲ. ಸಕ್ರವ್ವ ಅವ್ವನನ್ನು ನೋಡಿದಳು.

"ಈಕಿ ಮಗಳ್ರಿ," ಎಂದಳು.

ಶಂಕ್ರವ್ವ ಕೈಯಲ್ಲಿ ಉಳಿದಿದ್ದ ರೊಟ್ಟಿಯ ಚೂರನ್ನು ಈಗ ಬಾಯಿಗೆ ಹಾಕಿಕೊಂಡಳು. ನಿಧಾನ ಅಗಿದಳು. ಮೂಲೆಯಲ್ಲಿದ್ದ ಖಾಲಿ ಕೊಡವನ್ನು ಕಾಲಿನಿಂದ ಹುಡುಗಿಯ ಕಡೆ ನೂಕಿದಳು.

"ಹಂಗಾರ ಸುಮ್ನ ನಿಂತಿ ಯಾಕ? ನೀರ ಸೇದಿ ತಾ. ಗಿರಾಕಿ ಕುಂತಾರ."