ದಾಳಕ್ಕೆ ತಗುಲಿದ ಕೈ

ಹತ್ತಿಯ ಎಳೆಗಳು, ರಸ್ತೆಯಂಚಿನ ಒಣಹುಲ್ಲಿಗೆ ಸಿಕ್ಕಿಕೊಂಡವು, ಬಸ್ಸು ಹಾದಾಗ ಒಮ್ಮೆ ಎದ್ದು ಮತ್ತೆ ಅಲ್ಲೇ ಕೂರುತ್ತವೆ, ಕಟಾವಿನ ಯಂತ್ರ ಬಿಟ್ಟು ಹೋದದ್ದು, ಯಾರಿಗೂ ಬೇಡದ್ದು, ಕ್ಲಾರ್ಕ್ಸ್‌ಡೇಲ್ ಬರುವವರೆಗೂ ಹೀಗೇ, ಇನ್ನೂ ಮುಕ್ಕಾಲು ಗಂಟೆ, ಮುಕ್ಕಾಲು ಗಂಟೆ ನಾನು ಅಕ್ಕನ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿರಬೇಕು — ಅವಳು ಮಾತಾಡುತ್ತಿಲ್ಲ, ಟ್ಯೂನಿಕಾದ ಜೂಜುಮನೆಯಿಂದ ಹೊರಟಾಗಿನಿಂದ ಒಂದು ಮಾತಿಲ್ಲ, ಮುಖ ಕಿಟಕಿಯ ಕಡೆ, ಮಡಿಲಲ್ಲಿ ಕೈಚೀಲ, ಉಸಿರೆಳೆದಾಗ ಗಂಟಲಲ್ಲಿ ಒಂದು ಸಣ್ಣ ಸಿಳ್ಳೆ, ಆ ಸಿಳ್ಳೆಯನ್ನು ನಾನು ಎಣಿಸುತ್ತಿದ್ದೇನೆ, ಎಣಿಸುವುದೊಂದು ಗೊತ್ತು ನನಗೆ. ಎದೆಯ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದಿದ್ದಾರೆ ಮೆಂಫಿಸ್‌ನ ಡಾಕ್ಟರು, ಗುರುವಾರ ಬೆಳಿಗ್ಗೆ ಆಪರೇಷನ್, ಮಾಡಿಸದಿದ್ದರೆ ಈಸ್ಟರ್ ನೋಡುವುದು ಕಷ್ಟ, ಇವತ್ತು ಮಂಗಳವಾರ. ಹಿಂದಿನ ಸೀಟಿನಲ್ಲಿ ಚರ್ಚಿನ ಹೆಂಗಸರಿಬ್ಬರು, ಇವತ್ತಿನ ಮೀನು ತಿಂದ್ಯೇನೆ, ಬರೀ ಹಿಟ್ಟು ಕಣೆ, ಒಳಗೆ ಮೀನು ಹುಡುಕೋಕೆ ಕನ್ನಡಕ ಬೇಕಾಯ್ತು, ಅಯ್ಯೋ ಮೆಲ್ಲಗೆ ಹೇಳು, ಎಲ್ಲಿ ತಿಂದ್ವಿ ಅಂತ ಪಾದ್ರಿ ಕೇಳಿದ್ರೆ ಏನ್ ಹೇಳ್ತೀಯ — ಇಬ್ಬರೂ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಾರೆ, ಬೇರೆ ದಿನವಾಗಿದ್ದರೆ ನನ್ನ ಅಕ್ಕ ಆರ್ವೆಲ್ಲಾ ಹಿಂದಕ್ಕೆ ತಿರುಗಿ, ಜೋಳದ ರೊಟ್ಟಿ ಕದ್ದು ಚೀಲಕ್ಕೆ ಹಾಕ್ಕೊಂಡೋಳು ನೀನು, ಮೊದ್ಲು ಅದನ್ನ ಹೇಳು ಪಾದ್ರಿಗೆ ಎನ್ನುತ್ತಿದ್ದಳು, ಇವತ್ತು ತಿರುಗಲಿಲ್ಲ, ನನ್ನಿಂದ.

ಮೇಜಿನ ಮೇಲೆ ಕೈ, ಯೋಚಿಸಬಾರದು ಅದನ್ನು, ಮೊದಲಿನದು ಯೋಚಿಸೋಣ, ಬಹಳ ಮೊದಲಿನದು, ದಾಳ ಕಲಿಸಿದವಳು ಇವಳೇ, ಅಮ್ಮ ತೀರಿಕೊಂಡ ವರ್ಷ, ನನಗೆ ಎಂಟು ಅವಳಿಗೆ ಹದಿನೇಳು, ಅಡುಗೆಮನೆಯ ನೆಲದ ಮೇಲೆ ಇಬ್ಬರೂ ಮಂಡಿಯೂರಿ, ನಾನು ಅಳಬಾರದೆಂದು ಕಲಿಸಿದಳೋ ಅವಳೇ ಅಳಬಾರದೆಂದೋ, ಪಣಕ್ಕೆ ಬೆಂಕಿಕಡ್ಡಿ, ದಾಳ ಹೋಗಿ ಐಸ್‌ಪೆಟ್ಟಿಗೆಯ ಬುಡಕ್ಕೆ ಬಡಿಯಬೇಕು, ಬಡಿಯದ ಎಸೆತ ಎಸೆತವೇ ಅಲ್ಲ, ನೋಡು ಒಡೆಲ್, ಮೊದಲ್ನೇ ಸಲಕ್ಕೇ ಏಳೋ ಹನ್ನೊಂದೋ ಬಂದ್ರೆ ಗೆದ್ದೆ, ಎರಡು, ಮೂರು, ಹನ್ನೆರಡು ಬಂದ್ರೆ ಹೋಯ್ತು, ಬೇರೆ ಏನ್ ಬಂದ್ರೂ ಅದು ನಿನ್ನ ಅಂಕಿ, ಅದು ಮತ್ತೆ ಬರೋವರೆಗೂ ಎಸೀತಾ ಇರು, ಅದು ಬರೋಕ್ಕಿಂತ ಮುಂಚೆ ಏಳು ಬಂತೋ, ಕಡ್ಡಿ ಹೋಯ್ತು, ದಾಳ ಇನ್ನೊಬ್ರಿಗೆ. ಮೊದಲು ಗೆಲ್ಲಿಸಿದ ಏಳೇ ಆಮೇಲೆ ಯಾಕೆ ಸೋಲಿಸುತ್ತೆ ಅಂತ ಕೇಳಿದೆ, ಅವಳು ನನ್ನ ತಲೆ ಮೇಲೊಂದು ಮೊಟಕಿ, ಅದೇ ಕಣೋ ಆಟ ಅಂದಳು, ನನಗೆ ಸಾಲಲಿಲ್ಲ ಆ ಉತ್ತರ, ಅವತ್ತು ರಾತ್ರಿ ಕಡ್ಡಿಗಳನ್ನು ಜೋಡಿಸಿ ಎಣಿಸಿದೆ, ಎರಡು ದಾಳಕ್ಕೆ ಮೂವತ್ತಾರು ಗರ, ಅದರಲ್ಲಿ ಏಳಕ್ಕೆ ಆರು, ನಾಲ್ಕಕ್ಕೆ ಮೂರೇ ಮೂರು, ಬೆಳಿಗ್ಗೆ ಅವಳಿಗೆ ತೋರಿಸಿದರೆ ಕಣ್ಣಲ್ಲಿ ನೀರು, ನನ್ ತಮ್ಮ ಮೇಷ್ಟ್ರಾಗ್ತಾನೆ ಅಂತ ಬೀದಿಗೆಲ್ಲ ಹೇಳಿದಳು, ಮೋಟೆಲ್ ಕೋಣೆಗಳ ಹಾಸಿಗೆ ಮಡಚಿ ಮಡಚಿ ನನ್ನನ್ನು ಕಾಲೇಜಿಗೆ ಕಳಿಸಿದಳು, ಮೇಷ್ಟ್ರಾದೆ, ಮೂವತ್ತೊಂದು ವರ್ಷ ಗಣಿತ ಕಲಿಸಿದೆ, ಆಮೇಲೆ ಅದೇ ಗಣಿತವನ್ನು ಅವಳ ಮೇಲೆ —

ಜೂಜುಮನೆಯಲ್ಲಿ ದಾಳ ಎಸೆಯುವವರ ಪರ ಕಟ್ಟುವವರು ಇಡೀ ಮೇಜಿನ ಸುತ್ತ ಒಂದೇ ಕುಟುಂಬ, ಎಸೆಯುವವಳು ಗೆದ್ದರೆ ಎಲ್ಲರೂ ಗೆದ್ದರು, ಅಪರಿಚಿತರು ತಬ್ಬಿಕೊಳ್ಳುತ್ತಾರೆ, ಅದಕ್ಕೇ ಅಕ್ಕನಿಗೆ ಈ ಆಟ ಪ್ರಾಣ, ಆದರೆ ಮೇಜಿನ ಬಟ್ಟೆಯ ಮೇಲೆ ಇನ್ನೊಂದು ಪಟ್ಟಿಯೂ ಇದೆ, ಕಿರಿದಾದದ್ದು, ಎಸೆಯುವವರು ಸೋಲಲಿ ಎಂದು ಕಟ್ಟುವವರದ್ದು, ಅಲ್ಲಿ ಪಣದ ಬಿಲ್ಲೆ ಇಟ್ಟವನ ಜೊತೆ ಯಾರೂ ಮಾತಾಡುವುದಿಲ್ಲ, ಅವನೂ ಗೆದ್ದರೆ ಕೂಗುವುದಿಲ್ಲ, ಕೂಗಬಾರದು. ಪರವಾಗಿ ನೂರು ಡಾಲರ್ ಕಟ್ಟಿದರೆ ಜೂಜುಮನೆಗೆ ಸರಾಸರಿ ಒಂದು ಡಾಲರ್ ನಲವತ್ತೊಂದು ಸೆಂಟ್ ಹೋಗುತ್ತದೆ, ವಿರುದ್ಧ ಕಟ್ಟಿದರೆ ಒಂದು ಡಾಲರ್ ಮೂವತ್ತಾರು, ವ್ಯತ್ಯಾಸ ಐದು ಸೆಂಟ್, ಒಮ್ಮೆ ಅಕ್ಕನಿಗೂ ಹೇಳಿದ್ದೆ, ನಕ್ಕುಬಿಟ್ಟಿದ್ದಳು, ನೂರಕ್ಕೆ ಐದು ಸೆಂಟ್, ಅದಕ್ಕಾಗಿ ಹನ್ನೆರಡು ವರ್ಷ, ತಿಂಗಳಿಗೊಂದು ಮಂಗಳವಾರ, ಅಕ್ಕ ದಾಳ ಕೈಗೆತ್ತಿಕೊಂಡಾಗಲೆಲ್ಲ ನಾನು ಮೇಜಿನ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಿದ್ದೆ, ನೀನು ಎಸಿ ಅಕ್ಕ, ನಾನು ನಿನ್ ದಾಳ ಬಡಿಯೋ ಗೋಡೆ ಕಾಯ್ತೀನಿ ಅಂತ, ಅಷ್ಟು ದೂರಕ್ಕೆ ಅವಳ ಕಣ್ಣು ಹಾಯುವುದಿಲ್ಲ ಎಂದು ಗೊತ್ತಿತ್ತು. ಪ್ರತಿ ಸಲ ಎಸೆಯುವ ಮೊದಲು ಕೂಗುತ್ತಾಳೆ, ಜೊತೆಗಿದ್ದೀಯೇನೋ ಒಡೆಲ್? ಜೊತೆಗಿದ್ದೀನಿ ಅಕ್ಕ, ಎಂದು ನಾನು. ಅದು ಸುಳ್ಳೆಂದು ನನಗೆ ಅನಿಸುತ್ತಿರಲಿಲ್ಲ, ಅದು ಲೆಕ್ಕ ಅನಿಸುತ್ತಿತ್ತು, ಲೆಕ್ಕಕ್ಕೆ ಅಕ್ಕ ಯಾರು ತಮ್ಮ ಯಾರು.

ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆ, ಮೇಜಿಗೆ ಎಂಟು ಜನ, ಅಕ್ಕ ಕೋಲಿನವನ ಪಕ್ಕ, ಬಾಗಿದ ಕೋಲಿನಿಂದ ದಾಳ ಎಳೆದು ಕೊಡುವ ಆ ತೆಳ್ಳಗಿನ ಮನುಷ್ಯನನ್ನು ಹನ್ನೆರಡು ವರ್ಷದಿಂದ ಅಳಿಯಂದಿರೇ ಎಂದು ಕರೆಯುತ್ತಾಳೆ, ಅವನು ಅತ್ತೆ, ನಿಧಾನ, ಮೇಜು ಮುರೀಬೇಡಿ ಎನ್ನುತ್ತಾನೆ, ನನ್ನ ಪಕ್ಕ ಹಳದಿ ಟೋಪಿಯ ಲಾರಿ ಡ್ರೈವರ್, ನನ್ನ ಇಪ್ಪತ್ತೈದು ಡಾಲರಿನ ಹಸಿರು ಬಿಲ್ಲೆ ಆ ಕಿರಿದಾದ ಪಟ್ಟಿಯ ಮೇಲೆ. ಮೊದಲ ಎಸೆತ, ಒಂದು ಮೂರು, ನಾಲ್ಕು ಬಿತ್ತು, ಅವಳ ಅಂಕಿ ನಾಲ್ಕು, ಎಲ್ಲಕ್ಕಿಂತ ಕಷ್ಟದ್ದು, ಟೋಪಿಯವನು ಥೂ ಎಂದ, ನನ್ನೊಳಗೆ ಏನೋ ಬೆಚ್ಚಗಾಯಿತು, ಮೂರಕ್ಕೆ ಆರು, ಒಂದಕ್ಕೆರಡು ನನ್ನ ಕಡೆ — ಬೆಚ್ಚಗಾಯಿತು, ಹೌದು. ಆಗ ಅಕ್ಕ ದಾಳ ಎತ್ತಿಕೊಂಡಳು, ಎಸೆಯಲಿಲ್ಲ, ಎದೆಯ ಹತ್ತಿರ ಹಿಡಿದುಕೊಂಡು, ಕೇಳ್ರಪ್ಪಾ ಎಲ್ರೂ, ಅಳಿಯಂದಿರೇ ನೀವೂ ಕೇಳಿ, ಗುರುವಾರ ನನ್ನ ಎದೆ ಕೊಯ್ತಾರಂತೆ, ಹೋಗ್ಲೋ ಬೇಡ್ವೋ ಅಂತ ಮೂರು ವಾರದಿಂದ ದೇವರನ್ನ ಕೇಳ್ತಾ ಇದ್ದೀನಿ, ಬಾಯೇ ಬಿಡ್ತಿಲ್ಲ ಅವನು, ಅದಕ್ಕೇ ಈಗ ಇಲ್ಲೇ ಕೇಳ್ತೀನಿ, ನಾಲ್ಕು ಬಿದ್ರೆ ಹೋಗ್ತೀನಿ, ಇನ್ನೊಂದು ಬಿದ್ರೆ ಮನೇಲೇ ಕೂತು ಅವನು ಕರೆಯೋವರೆಗೂ ಕಾಯ್ತೀನಿ. ಇನ್ನೊಂದು ಎಂದಳು, ಮೇಜಿನ ಬಳಿ ಏಳರ ಹೆಸರು ಯಾರೂ ಎತ್ತುವುದಿಲ್ಲ, ಸಾವು ಕೇಳಿದಾಗಲೂ ಆ ಮರ್ಯಾದೆ ಬಿಡಲಿಲ್ಲ ಅವಳು. ಜೊತೆಗಿದ್ದೀಯೇನೋ ಒಡೆಲ್? ಜೊತೆಗಿದ್ದೀನಿ ಅಕ್ಕ.

ಪರ ಕಟ್ಟಿದವನು ಅಂಕಿ ಬಿದ್ದ ಮೇಲೆ ಹಣ ವಾಪಸು ತೆಗೆಯುವಂತಿಲ್ಲ, ವಿರುದ್ಧ ಕಟ್ಟಿದವನು ಯಾವ ಕ್ಷಣದಲ್ಲೂ ತೆಗೆಯಬಹುದು, ಜೂಜುಮನೆ ಖುಷಿಯಿಂದ ಬಿಡುತ್ತದೆ, ಯಾಕೆಂದರೆ ಆ ಹೊತ್ತಿಗೆ ಗೆಲುವು ಅವನ ಕಡೆಗೇ ವಾಲಿರುತ್ತದೆ, ಬುದ್ಧಿಯಿದ್ದವರು ತೆಗೆಯುವುದಿಲ್ಲ, ಇಟ್ಟ ಒಂದು ಬಿಲ್ಲೆಗೆ ಎರಡರಂತೆ ಮೇಲೆ ಸೇರಿಸುತ್ತಾರೆ, ಪಕ್ಕದಲ್ಲೇ, ಅದೇ ಜಾಗಕ್ಕೆ ಅದೇ ಕೈ ಇಳಿಸಿ. ನನ್ನ ಕೈ ಇಳಿಯಿತು. ಕೋಲಿನವನು ಕೈ ಮೇಲಕ್ಕೆ, ಕೈ ಮೇಲಕ್ಕೆ ಎಂದು ಕೂಗಿದ, ಅಷ್ಟರಲ್ಲಿ ಅವಳು ಎಸೆದಾಗಿತ್ತು, ಕೆಂಪು ದಾಳ ಎರಡೂ ಹಸಿರು ಬಟ್ಟೆಯ ಮೇಲೆ ಹಾರಿಕೊಂಡು ಬಂದು ಒಂದು ನನ್ನ ಗೆಣ್ಣಿಗೆ ಬಡಿದು ಪಕ್ಕಕ್ಕೆ ತಿರುಗಿತು, ಐದು, ಇನ್ನೊಂದು ಎರಡು. ದಾಳಕ್ಕೆ ಕೈ ತಗುಲಿದರೆ ಏಳೇ ಬೀಳುತ್ತದೆ ಎಂದು ಎಲ್ಲರೂ ನಂಬುತ್ತಾರೆ, ನಾನು ತರಗತಿಯಲ್ಲಿ ಇದನ್ನೇ ಮೂಢನಂಬಿಕೆಗೆ ಉದಾಹರಣೆ ಕೊಡುತ್ತಿದ್ದೆ. ಅಯ್ಯೋ ನಿನ್ ಕೈ ಸೇದಿಹೋಗ, ಎಂದ ಟೋಪಿಯವನು, ಇನ್ನೊಬ್ಬಳು ಇದು ಲೆಕ್ಕಕ್ಕಿಲ್ಲ ಎಂದು ಕಿರುಚಿದಳು, ಕೋಲಿನವನು ಅಕ್ಕನ ಮುಖ ನೋಡದೆ, ಕೈಗೆ ತಗುಲಿದ್ರೂ ಗರ ಗರವೇ ಅತ್ತೆ, ಏಳು, ಮುಗೀತು ಎಂದ. ಎಲ್ಲರ ಬಿಲ್ಲೆಗಳನ್ನು ಬಳಿದುಕೊಂಡರು, ಆಮೇಲೆ ನನ್ನ ಬಿಲ್ಲೆಯ ಪಕ್ಕ ಇನ್ನೊಂದು ಹಸಿರು ಬಿಲ್ಲೆ, ಮೆತ್ತಗೆ, ಶವಕ್ಕೆ ಹೂವಿಡುವ ಹಾಗೆ ಇಟ್ಟು ಹೋಯಿತು ಒಂದು ಕೈ. ಆಗ ಟೋಪಿಯವನಿಗೆ ಕಂಡಿತು, ಏನ್ ಗುರು, ವಿರುದ್ಧ ಕಟ್ಟಿದ್ದೀಯಾ? ಅಕ್ಕ ಅಂದೆಯಲ್ಲೋ ಈಗ, ಸ್ವಂತ ಅಕ್ಕನೇನೋ? ಏ ಅಜ್ಜಿ, ನಿನ್ ತಮ್ಮ ನೀನು ಸೋಲಲಿ ಅಂತ ದುಡ್ಡು ಕಟ್ಟಿದ್ದಾನೆ ಕಣಜ್ಜಿ! ಅಷ್ಟು ದೂರದಿಂದ ಅಕ್ಕ ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದಳು, ನನ್ನ ಮುಖವನ್ನಲ್ಲ, ಮೇಜನ್ನಲ್ಲ, ಕೈಯನ್ನು, ಮತ್ತು ನಾನು ಆ ಬಿಲ್ಲೆಗಳನ್ನು ಎತ್ತಿಕೊಂಡೆ, ಬಿಟ್ಟು ಬರಬಹುದಿತ್ತು, ಎತ್ತಿಕೊಂಡೆ, ಈಗಲೂ ಅಂಗಿಯ ಜೇಬಿನಲ್ಲಿವೆ, ಬಸ್ಸು ಕುಲುಕಿದಾಗ ಒಂದಕ್ಕೊಂದು ತಾಗುತ್ತವೆ, ಅವಳಿಗೂ ಕೇಳಿಸುತ್ತಿರಬೇಕು.

ಒಡೆಲ್. ಮಾತಾಡಿದಳು, ಕಿಟಕಿಯಿಂದ ಮುಖ ತಿರುಗಿಸದೆ, ಒಡೆಲ್, ಎಷ್ಟು ವರ್ಷದಿಂದ? ಮೊದಲಿನಿಂದಲೂ ಅಕ್ಕ. ಹ್ಞೂಂ, ಎಂದು ಒಂದು ಸಿಳ್ಳೆ, ಇನ್ನೊಂದು ಸಿಳ್ಳೆ, ಮೂರು, ನಾಲ್ಕು, ನನಗೆ ಪ್ರತಿ ಸಲ ಏಳು ಬಿದ್ದಾಗ ನಿನಗೆ ಹಾಲು ಕುಡಿದಷ್ಟು ಸಂತೋಷ ಆಗ್ತಿತ್ತು ಅನ್ನು. ನಾನು ಜೇಬಿನ ಮೇಲೆ ಕೈ ಒತ್ತಿಕೊಳ್ಳುತ್ತೇನೆ. ನಾನು ಗುರುವಾರ ಹೋಗಲ್ಲ ಅಂತ ತೀರ್ಮಾನ ಮಾಡ್ಕೊಂಡೇ ಬಸ್ ಹತ್ತಿದ್ದು ಕಣೋ, ಅವನು ಉತ್ತರ ಕೊಟ್ಟಾಯ್ತಲ್ಲ ಅಂತ, ಆದ್ರೆ ಇಷ್ಟು ಹೊತ್ತು ಆ ಕೈ ಬಗ್ಗೆನೇ ಯೋಚನೆ ಮಾಡ್ತಾ ಇದ್ದೆ, ಒಂದು ಕೇಳ್ತೀನಿ, ನಿಜ ಹೇಳು, ನಾನು ಅಷ್ಟು ಹೇಳಿದ್ಮೇಲೆ ನಿನ್ ಮನಸ್ಸು ತಡೀಲಿಲ್ಲ, ಅಲ್ವಾ, ಕಟ್ಟಿದ್ದನ್ನ ವಾಪಸ್ ತಗೊಳ್ಳೋಕೆ ತಾನೆ ಕೈ ಹಾಕಿದ್ದು? ತಗೊಳ್ಳೋಕೆ ಹಾಕಿದ್ದಾದ್ರೆ ಅದು ದೇವರ ಗರ ಅಲ್ಲ, ಅಡ್ಡ ಬಂದಿದ್ದು ನೀನು, ನನ್ ಮೇಲಿನ ಪ್ರೀತಿಗೆ ಅಡ್ಡ ಬಂದಿದ್ದು, ಆ ಎಸೆತ ಎಸೆತವೇ ಅಲ್ಲ, ನಾನು ಗುರುವಾರ ಹೋಗ್ತೀನಿ. ಹೇಳು. ಈಗ ಮುಖ ತಿರುಗಿಸಿದ್ದಾಳೆ, ಬೂದುಬಣ್ಣಕ್ಕೆ ತಿರುಗಿದ ಆ ಕಣ್ಣುಗಳು ಇಷ್ಟು ಹತ್ತಿರದಿಂದ ಎಲ್ಲವನ್ನೂ ಕಾಣುತ್ತವೆ, ಎರಡೇ ದಾರಿ, ಒಂದರಲ್ಲಿ ಅವಳು ಬದುಕಬಹುದು — ಹೌದು ಅಕ್ಕ, ವಾಪಸ್ ತಗೊಳ್ಳೋಕೇ. ಗೊತ್ತಿತ್ತು ನನಗೆ, ಎಂದಳು, ನನ್ ಕೈಯಾರೆ ಬೆಳೆಸಿದ್ದು ನಿನ್ನ, ಗೊತ್ತಿರಲ್ವಾ, ಹಾಗಾದ್ರೆ ಬುಧವಾರ ರಾತ್ರಿ ನೀನು ಬಂದು ನಮ್ಮನೇಲೇ ಮಲಗು, ನಾಲ್ಕೂವರೆಗೆ ಹೊರಡಬೇಕಂತೆ, ಮೂದೇವಿ, ಐದು ಸೆಂಟಿನ ಮೇಷ್ಟ್ರು, ಎಂದು ಭುಜದಿಂದ ನನ್ನ ಭುಜಕ್ಕೆ ಗುದ್ದಿ, ನಕ್ಕು, ನನ್ನ ಬಲಗೈ ಎತ್ತಿ ತನ್ನ ಮಡಿಲಿಗೆ ಇಟ್ಟುಕೊಂಡಳು.

ಇಲ್ಲಿ ತಾನೆ ತಗುಲಿದ್ದು, ಹೆಬ್ಬೆರಳಿನಿಂದ ಗೆಣ್ಣನ್ನು ಸವರುತ್ತಿದ್ದಾಳೆ, ನೋವಾಯ್ತೇನೋ, ಇಲ್ಲ ಅಕ್ಕ, ಅವಳು ಹೋಗುತ್ತಾಳೆ, ಸಾಕಲ್ಲ, ಅವಳು ಹೋಗುತ್ತಾಳೆ ಅಂದ ಮೇಲೆ ಉಳಿದದ್ದೆಲ್ಲ ಏನು, ನಾನೂ ಅದನ್ನೇ ನಂಬಬಹುದು, ವಾಪಸು ತೆಗೆಯಲು ಹೋಗಿದ್ದೆ, ಹೋಗಿದ್ದೆ, ನಾಳೆ ನಾಡಿದ್ದರ ಹೊತ್ತಿಗೆ ನಿಜವೇ ಆಗಿಬಿಡಬಹುದು — ಹೆಬ್ಬೆರಳು ಸವರುತ್ತಿದೆ, ಗೆಣ್ಣಿನ ಮೇಲೆ, ಬೆರಳ ತುದಿಯ ಮೇಲಲ್ಲ, ದಾಳ ಬಡಿದದ್ದು ಗೆಣ್ಣಿಗೆ, ವಾಪಸು ತೆಗೆಯುವ ಕೈ ಖಾಲಿ ಹೋಗುತ್ತದೆ, ಬೆರಳು ಬಿಚ್ಚಿಕೊಂಡು ಹೋಗುತ್ತದೆ, ನನ್ನದು ಮಡಚಿತ್ತು, ಮೇಜಿನ ಮೇಲೆ ಇಳಿದದ್ದು ಮುಷ್ಟಿ, ಅಕ್ಕ ಸುಮ್ಮನೆ ಬೆರಳುಗಳನ್ನು ಬಿಡಿಸಲು ನೋಡುತ್ತಿದ್ದಾಳೆ, ಬಿಡೋ ಯಾಕೆ ಹೀಗೆ ಬಿಗಿ ಹಿಡ್ಕೊಂಡಿದ್ದೀಯ, ಒಳಗೆ ಏನೂ ಇಲ್ಲ ಈಗ, ಆದರೂ ಬಿಡಿಸಲು ಆಗುತ್ತಿಲ್ಲ ನನಗೆ, ಮೇಜಿನ ಮೇಲೆ ಇಳಿಯುತ್ತಿದೆ ಕೈ, ಅವಳ ಮಾತು ಮುಗಿದ ಮೇಲೆ, ಎಲ್ಲವನ್ನೂ ಕೇಳಿಸಿಕೊಂಡ ಮೇಲೆ, ಇಳಿಯುತ್ತಿದೆ, ಮುಷ್ಟಿಯೊಳಗೆ ಎರಡು ಹಸಿರು ಬಿಲ್ಲೆ, ಮೇಲೆ ಸೇರಿಸಲು, ಎರಡು ಹಸಿರು ಬಿಲ್ಲೆ, ಎರಡು